ತಿಂಗಳಿಗೆರಡು ದಿನದ ಮುನಿಸು

ಮೂವತ್ತೈದು ವರ್ಷ ನ್ಯಾಯಾಲಯದಲ್ಲಿ ಸಾಕ್ಷಿಗಳ ಮಾತನ್ನು ಟೈಪು ಮಾಡಿ ನಿವೃತ್ತರಾದ ಅವರನ್ನು ಬೀದಿಯವರೆಲ್ಲ ಟೈಪಿಸ್ಟ್ ಮಾವ ಎಂದೇ ಕರೆಯುತ್ತಿದ್ದರು. ಕೊಲೆಯಿರಲಿ, ಕಳ್ಳತನವಿರಲಿ, ಗಂಡ ಹೆಂಡಿರ ರಗಳೆಯಿರಲಿ, ಅವರ ಬೆರಳು ತಡವರಿಸಿದ್ದಿಲ್ಲ. ಕೇಳಿದ್ದನ್ನು ಕೇಳಿದ ಹಾಗೆಯೇ ಕಾಗದಕ್ಕಿಳಿಸುವುದು, ಮನೆಗೆ ಬಂದ ಮೇಲೆ ಅದರ ಬಗ್ಗೆ ತುಟಿಪಿಟಕ್ಕೆನ್ನದಿರುವುದು, ಈ ಎರಡು ಅವರ ಹೆಮ್ಮೆ.

ನಿವೃತ್ತಿಯಾದ ಮೇಲೆ ಮನೆಯಲ್ಲಿ ಅವರ ಕಾಟ ಶುರುವಾಯಿತು. ಕೈ ಸುಮ್ಮನಿರದೆ ಅಡುಗೆಮನೆಯ ಡಬ್ಬಿಗಳಿಗೆಲ್ಲ ಚೀಟಿ ಅಂಟಿಸತೊಡಗಿದರು. ಉಪ್ಪಿನ ಡಬ್ಬಿಯ ಮೇಲೆ 'ಉಪ್ಪು' ಎಂದು ಅಂಟಿಸಿದ ದಿನ ಹೆಂಡತಿಯ ತಾಳ್ಮೆ ಕೆಟ್ಟಿತು.

"ಮದುವೆಯಾದಾಗಿನಿಂದ ಇದೇ ಡಬ್ಬಿಯಿಂದ ಉಪ್ಪು ಹಾಕ್ತಿದೀನಿ. ನಿಮಗೆ ಕೈ ಮುಗೀತೀನಿ, ಎಲ್ಲಾದ್ರೂ ಒಂದು ಕೆಲಸ ಹುಡುಕ್ಕೊಳ್ಳಿ."

ಕೆಲಸ ಸಿಕ್ಕಿದ್ದು ವಿಶ್ವವಿದ್ಯಾಲಯದ ಮನಶ್ಶಾಸ್ತ್ರ ವಿಭಾಗದಲ್ಲಿ. ಎರಡನೇ ಮಹಡಿಯ ಕೊನೆಯ ಕೋಣೆ. ಒಂದು ಕಂಪ್ಯೂಟರು, ಒಂದು ಹೆಡ್‌ಫೋನು, ಧ್ವನಿಯನ್ನು ನಿಲ್ಲಿಸಲು ಮತ್ತು ಹಿಂದಕ್ಕೆ ಓಡಿಸಲು ಕಾಲಿನಲ್ಲಿ ಒತ್ತುವ ಪೆಡಲು. ಕಿಟಕಿಯಾಚೆ ಸೈಕಲ್ ಸ್ಟ್ಯಾಂಡು. ಅಧ್ಯಯನ ನಡೆಸುತ್ತಿದ್ದ ಸಂಶೋಧಕಿಗೆ ಮೂವತ್ತು ದಾಟಿರಲಿಲ್ಲ. ತುರುಬಿಗೆ ಪೆನ್ಸಿಲ್ ಸಿಕ್ಕಿಸಿಕೊಂಡು, ಅದೇ ಪೆನ್ಸಿಲ್ಲನ್ನು ಮೇಜಿನ ಮೇಲೆಲ್ಲ ಹುಡುಕುವ ಹುಡುಗಿ.

"ಹದಿಮೂರರಿಂದ ಇಪ್ಪತ್ನಾಲ್ಕು ವರ್ಷದೊಳಗಿನ ಅರವತ್ತು ಜನರ ಜೊತೆ ಮಾತಾಡಿ ರೆಕಾರ್ಡ್ ಮಾಡ್ಕೊಂಡಿದೀವಿ, ಸರ್. ಮುಟ್ಟಿನ ನೋವಿನ ಬಗ್ಗೆ. ಅದು ಅವರ ಮನಸ್ಸಿಗೆ, ಓದಿಗೆ, ಮನೆಯವರ ಜೊತೆಗಿನ ಮಾತುಕತೆಗೆ ಏನು ಮಾಡುತ್ತೆ ಅಂತ. ನಿಮಗೆ ಮುಜುಗರ ಇಲ್ಲ ತಾನೆ?"

ಮಾವನ ಕಿವಿ ಕೆಂಪಾದವು. ಆ ಪದವನ್ನು ಯಾರೂ ಅವರೆದುರು ಅಷ್ಟು ಜೋರಾಗಿ ಆಡಿದ್ದೇ ಇಲ್ಲ. "ಕೋರ್ಟಲ್ಲಿ ನಾನು ಕೇಳದೇ ಇರೋ ಮಾತಿಲ್ಲ, ಮೇಡಂ" ಎಂದು ಗಂಟಲು ಸರಿಮಾಡಿಕೊಂಡು, ಇಲ್ಲಿ ಕೇಳಿದ್ದು ಇಲ್ಲೇ ಉಳಿಯಬೇಕೆಂಬ ಕಾಗದಕ್ಕೆ ಸಹಿ ಹಾಕಿದರು. ಧ್ವನಿಗಳಿಗೆ ಹೆಸರಿರಲಿಲ್ಲ, ಬರೀ ನಂಬರು. ಉಸಿರು, ನಗು, ಮೌನ ಎಲ್ಲವನ್ನೂ ಬರೆಯಬೇಕಿತ್ತು. ಮೌನವಾದರೆ ಎಷ್ಟು ಸೆಕೆಂಡೆಂಬುದನ್ನೂ.

ಮೊದಲ ವಾರ ಮುಜುಗರದಿಂದ ಗೋಡೆ ನೋಡಿಕೊಂಡೇ ಟೈಪು ಮಾಡಿದರು. ಆಮೇಲಾಮೇಲೆ ಒಂದು ಸಂಗತಿ ಅವರನ್ನು ಕಾಡತೊಡಗಿತು. ಸಾಕ್ಷಿಯಾದವರು ಇದ್ದದ್ದಕ್ಕಿಂತ ಉಬ್ಬಿಸಿ ಹೇಳುತ್ತಾರೆ ಎಂಬುದು ಅವರ ಇಡೀ ಬದುಕಿನ ಅನುಭವ. ಈ ಹುಡುಗಿಯರದು ತಿರುಗಾಮುರುಗಾ. "ಅಂಥದ್ದೇನಿಲ್ಲ, ಸ್ವಲ್ಪ ನೋವು" ಎಂದು ಶುರುಮಾಡಿ, ಎರಡು ಮಾತಾದ ಮೇಲೆ, ಬಚ್ಚಲಲ್ಲಿ ಕಣ್ಣು ಕತ್ತಲೆ ಬಂದು ಬಿದ್ದದ್ದನ್ನು ಬಸ್ಸು ತಪ್ಪಿದಷ್ಟು ಹಗುರವಾಗಿ ಹೇಳುತ್ತಿದ್ದರು. ಬಟ್ಟೆ ಅಂಗಡಿಯಲ್ಲಿ ಕೆಲಸಕ್ಕಿದ್ದವಳೊಬ್ಬಳು, ನೋವು ಏರಿದಾಗ ಗಿರಾಕಿಗಳು ಬಟ್ಟೆ ಹಾಕಿ ನೋಡುವ ಕೋಣೆಗೆ ಹೋಗಿ ಚಿಲಕ ಹಾಕಿ, ನೂರು ಎಣಿಸಿ, ನಗುಮುಖ ಹೊತ್ತು ಹೊರಬರುತ್ತಿದ್ದಳಂತೆ. ಶಾಲೆಗೆ ಹೋಗುವ ಇನ್ನೊಬ್ಬಳಿಗೆ ಮೂರು ದಿನ ಮೊದಲೇ ಎದೆ ಡವಡವ. "ನೋವಿಗಿಂತ ಅದರ ದಾರಿ ಕಾಯೋದೇ ಕಷ್ಟ" ಅಂದಿದ್ದಳು.

ಒಂದು ದಿನ ಇಪ್ಪತ್ತಮೂರು ವರ್ಷದ, ಹೊಸದಾಗಿ ಮದುವೆಯಾದವಳ ಧ್ವನಿ ಬಂತು.

"ಆ ಎರಡು ದಿನ ನಾನು ಗೋಡೆ ಕಡೆ ತಿರುಗಿ ಮಲಗಿಬಿಡ್ತೀನಿ. ಯಾರೇ ಕೇಳಿದ್ರೂ ಏನಿಲ್ಲ ಅಂತೀನಿ. ನಮ್ಮ ಯಜಮಾನ್ರು, ಇವಳಿಗೆ ನನ್ನ ಮೇಲೆ ಸಿಟ್ಟು ಅಂದ್ಕೋತಾರೆ. ಸಿಟ್ಟೂ ಇಲ್ಲ ಏನೂ ಇಲ್ಲ. ಬಾಯಿ ತೆಗೆದ್ರೆ ಎಲ್ಲಿ ಅತ್ತುಬಿಡ್ತೀನೋ ಅಂತ ಸುಮ್ನಿರ್ತೀನಿ, ಅಷ್ಟೇ."

ಮಾವ ಪೆಡಲು ಒತ್ತಿದರು. ಹಿಂದಕ್ಕೆ ಓಡಿಸಿ ಮತ್ತೆ ಕೇಳಿದರು. ಮೂರನೇ ಸಲವೂ ಕೇಳಿದರು. ಟೈಪು ಮಾಡಲಿಲ್ಲ.

ಮದುವೆಯಾದ ಹೊಸತರಿಂದ ಅವರ ಹೆಂಡತಿಯೂ ಹಾಗೆಯೇ. ತಿಂಗಳಿಗೆರಡು ದಿನ ಗೋಡೆಗೆ ಮುಖ, ಬೆನ್ನು ಇವರಿಗೆ. ಕೇಳಿದರೆ "ಏನಿಲ್ಲ". ತಾನೇನು ತಪ್ಪು ಮಾಡಿದೆನೆಂದು ಇವರು ತಲೆ ಕೆರೆದುಕೊಂಡದ್ದೇ ಕೆರೆದುಕೊಂಡದ್ದು. ಅಮ್ಮ ಏನಾದರೂ ಅಂದಳೇ, ತವರಿಗೆ ಕಳಿಸಲಿಲ್ಲವೆಂಬ ಕೋಪವೇ. ಕೊನೆಗೆ, ಇವಳಿಗೆ ನಾನು ಒಪ್ಪಿಗೆಯಾದ ಗಂಡನಲ್ಲ, ಆ ಬೇಸರ ತಿಂಗಳಿಗೊಮ್ಮೆ ಉಕ್ಕುತ್ತದೆ ಎಂದು ತೀರ್ಮಾನಿಸಿಬಿಟ್ಟಿದ್ದರು. ಮುಟ್ಟೆಂದರೆ ಏನೆಂದು ಗೊತ್ತಿರಲಿಲ್ಲವೆಂದಲ್ಲ. ಅದು ಇಷ್ಟು ನೋಯಬಹುದೆಂದು ಗೊತ್ತಿರಲಿಲ್ಲ. ಹೆಂಡತಿಗೆ ಐವತ್ತಾದ ಮೇಲೆ ಆ ಮುನಿಸು ನಿಂತಾಗ, ಪಾಪ, ಕೊನೆಗೂ ನನಗೆ ಹೊಂದಿಕೊಂಡಳು ಎಂದುಕೊಂಡಿದ್ದರು ಪುಣ್ಯಾತ್ಮ.

ಈಗ ಮನೆಗೆ ಹೋಗಿ ಕೇಳೋಣವೆಂದರೆ ಸಹಿ ಹಾಕಿದ ಕಾಗದ ಅಡ್ಡ. ಎರಡು ದಿನ ಒದ್ದಾಡಿ, ಸಂಶೋಧಕಿಯ ಮೇಜಿನ ಮುಂದೆ ಹೋಗಿ ನಿಂತರು.

"ಮೇಡಂ, ನೀವು ಆ ಹುಡುಗಿಯರಿಗೆ ಕೇಳಿದ ಪ್ರಶ್ನೆಗಳನ್ನ ನಾನು ಮನೇಲಿ ಕೇಳಬಹುದಾ?"

ಆಕೆ ಅವರ ಮುಖವನ್ನೇ ನೋಡಿ ಮೆಲ್ಲಗೆ ನಕ್ಕಳು. "ಪ್ರಶ್ನೆ ಗುಟ್ಟಲ್ಲ ಸರ್, ಉತ್ತರ ಗುಟ್ಟು. ತಗೊಂಡು ಹೋಗಿ." ಪ್ರಶ್ನೆಗಳ ಹಾಳೆ ಕೊಟ್ಟು, "ಅವರ ಮಾತನ್ನ ನಂಬಿದ ತಕ್ಷಣ ನೋವು ಮಾಯ ಆಗಲ್ಲ. ಆದ್ರೆ ನಂಬೋರು ಒಬ್ಬರಿದ್ದಾರೆ ಅಂದ್ರೆ ಹೆದರಿಕೆ ಇಳಿಯುತ್ತೆ. ಇಲ್ಲಿವರೆಗೆ ಮಾತಾಡಿದೋರಲ್ಲಿ ನಮಗೆ ಅಷ್ಟು ಕಾಣ್ತಿದೆ" ಅಂದಳು.

ಭಾನುವಾರ ಮಧ್ಯಾಹ್ನ ಹೆಂಡತಿ ಮಂಚದ ಮೇಲೆ ಕೂತು ಒಣಗಿದ ಬಟ್ಟೆ ಮಡಿಸುತ್ತಿದ್ದರು. ಇವರ ಮನೆಯಲ್ಲೇ ಇದ್ದು ಓದುತ್ತಿದ್ದ ಹದಿನಾರರ ಮೊಮ್ಮಗಳು ಪಕ್ಕದ ಕೋಣೆಯಲ್ಲಿ ಪರೀಕ್ಷೆಗೆ ಓದಿಕೊಳ್ಳುತ್ತಿದ್ದಳು. ಮಾವ ಕುರ್ಚಿ ಎಳೆದುಕೊಂಡು, ಕನ್ನಡಕ ಏರಿಸಿ, ನ್ಯಾಯಾಲಯದ ಧ್ವನಿಯಲ್ಲಿ ಓದಿದರು.

"ಪ್ರಶ್ನೆ ಒಂದು. ಮುಟ್ಟಿನ ನೋವು ಮೊದಲು ಬಂದಾಗ ನಿಮ್ಮ ವಯಸ್ಸೆಷ್ಟು?"

ಹೆಂಡತಿಯ ಕೈಯಿಂದ ಟವೆಲ್ಲು ಜಾರಿತು. "ರೀ! ತಲೆ ನೆಟ್ಟಗಿದೆಯಾ? ಅರವತ್ತಾಯ್ತು ನಂಗೆ."

"ಕೆಲಸದ ಪ್ರಶ್ನೆ ಕಣೇ. ಉತ್ತರ ಹೇಳು."

ಅವರು ನಕ್ಕರು, ಬೈದರು, ಆಮೇಲೆ ಟವೆಲ್ಲನ್ನು ಮತ್ತೆ ಎತ್ತಿಕೊಂಡು ಅದರ ಅಂಚು ನೀವುತ್ತಾ ಹೇಳಿದರು. "ಹದಿನಾಲ್ಕು. ಹೊಟ್ಟೆ ಒಳಗೆ ಯಾರೋ ಬಟ್ಟೆ ಹಿಂಡಿದ ಹಾಗೆ. ಅಮ್ಮನಿಗೆ ಹೇಳಿದೆ. ಎಲ್ಲರಿಗೂ ಬರುತ್ತೆ, ಸಹಿಸ್ಕೋ ಅಂದ್ರು. ಆಮೇಲೆ ಯಾರಿಗೂ ಹೇಳಲಿಲ್ಲ."

ಪ್ರಶ್ನೆಗಳು ಸಾಗಿದವು. ಮನೆಯವರು ಅದನ್ನು ಹೇಗೆ ಅರ್ಥ ಮಾಡಿಕೊಂಡರು ಎಂಬಲ್ಲಿಗೆ ಬಂದಾಗ ಮಾವ ಹಾಳೆಯನ್ನು ಪಕ್ಕಕ್ಕಿಟ್ಟರು.

"ಅದಕ್ಕೆ ನಾನೇ ಉತ್ತರ ಹೇಳ್ತೀನಿ. ನಿಂಗೆ ನನ್ನ ಮೇಲೆ ಮುನಿಸು ಅಂದ್ಕೊಂಡಿದ್ದೆ."

"ಯಾವಾಗ?"

"ಪ್ರತಿ ತಿಂಗಳೂ."

ಹೆಂಡತಿ ಬಾಯಿ ತೆರೆದುಕೊಂಡು ನೋಡಿದರು. ಮೊದಲು ಭುಜ ಕುಲುಕಿತು, ಆಮೇಲೆ ನಗು ಬಂತು, ಬಂದದ್ದು ನಿಲ್ಲಲಿಲ್ಲ. "ತಾರೀಖು ನೋಡ್ಕೊಂಡು ಯಾರಾದ್ರೂ ಮುನಿಸ್ಕೋತಾರೇನ್ರೀ! ಮೂರು ಹೊತ್ತು ಒಲೆ, ಮಗು, ನಿಮ್ಮಮ್ಮನ ಕೆಮ್ಮು. ಮುನಿಸ್ಕೊಳ್ಳೋಕೆ ನಂಗೆ ಪುರುಸೊತ್ತಾದ್ರೂ ಎಲ್ಲಿತ್ತು?" ಕಣ್ಣೊರೆಸಿಕೊಂಡ ಮೇಲೆ ಧ್ವನಿ ಇಳಿಯಿತು. "ನೀವು ಆ ದಿನಗಳಲ್ಲೇ ತಡವಾಗಿ ಬರ್ತಿದ್ರಿ. ಮಲಗಿದವಳ ಮುಖ ನೋಡೋಕೆ ನಿಮಗೆ ಬೇಜಾರು ಅಂದ್ಕೊಂಡಿದ್ದೆ ನಾನು."

"ನಿನ್ನ ಕಣ್ಣಿಗೆ ಬೀಳಬಾರದು ಅಂತ ಕೋರ್ಟಲ್ಲೇ ಕೂತಿರ್ತಿದ್ದೆ."

"ಒಳ್ಳೆ ಜೋಡಿ" ಅಂದರು ಹೆಂಡತಿ. ಮಾವನಿಗೆ ಎದೆಯ ಮೇಲಿಂದ ಕಲ್ಲು ಇಳಿಸಿದ ಹಾಗಾಯಿತು. ಇವಳಿಗೆ ನಾನು ಬೇಡವಾಗಿರಲಿಲ್ಲ! ಇಷ್ಟು ವಯಸ್ಸಾದ ಮೇಲೆ ಈ ಸುದ್ದಿ ಕೇಳಿ ಇಷ್ಟು ಸಂತೋಷವಾಗುವುದೇ ಎಂದು ಅವರಿಗೇ ನಾಚಿಕೆಯೆನಿಸಿತು.

ಬಾಗಿಲಲ್ಲಿ ಮೊಮ್ಮಗಳು ನಿಂತಿದ್ದಳು. ಎಷ್ಟು ಹೊತ್ತಿನಿಂದಲೋ.

"ತಾತ, ನಾನೂ ಉತ್ತರ ಹೇಳ್ಲಾ?"

ಅಜ್ಜಿ ಟವೆಲ್ಲು ಕೆಳಗಿಟ್ಟು ಅವಳತ್ತ ತಿರುಗಿದರು.

"ಹೋದ ತಿಂಗಳ ಟೆಸ್ಟಲ್ಲಿ ಅರ್ಧ ಪೇಪರ್ ಖಾಲಿ ಕೊಟ್ಟೆ. ತಲೆನೋವು ಅಂತ ಸುಳ್ಳು ಹೇಳಿದ್ದೆ. ಸ್ಕೂಲ್ ಬಾತ್‌ರೂಮಲ್ಲಿ ವಾಂತಿ ಮಾಡ್ಕೊಂಡಿದ್ದೆ. ಈ ಸಲ ಲೆಕ್ಕದ ಪರೀಕ್ಷೆ ದಿನಾನೇ ಬರುತ್ತೆ ಅನ್ಸುತ್ತೆ. ಅದನ್ನೇ ನೆನೆಸ್ಕೊಂಡು ಓದಿದ್ದೇನೂ ತಲೆಗೆ ಹೋಗ್ತಿಲ್ಲ. ಅಜ್ಜಿಗೆ ಹೇಳಿದ್ರೆ..."

"ಸಹಿಸ್ಕೋ ಅಂದಿದ್ದೆ" ಎಂದು ಅಜ್ಜಿಯೇ ಮುಗಿಸಿದರು. ಮಡಿಸಿದ ಬಟ್ಟೆಯ ರಾಶಿಯನ್ನು ಒತ್ತಟ್ಟಿಗೆ ತಳ್ಳಿ ಜಾಗ ಮಾಡಿದರು. "ಬಾ ಪುಟ್ಟಿ, ಇಲ್ಲಿ ಕೂತ್ಕೋ. ನಮ್ಮಮ್ಮ ನಂಗೆ ಹೇಳಿದ್ದನ್ನೇ ನಿಂಗೂ ಹೇಳಿಬಿಟ್ಟೆ. ತಪ್ಪಾಯ್ತು ಕಣೇ. ನಾಳೆ ಡಾಕ್ಟರ ಹತ್ರ ಹೋಗೋಣ."

ಮಾರನೆಯ ದಿನ ಮೂವರೂ ಹೋದರು. ಮಾವ ಹೊರಗಿನ ಬೆಂಚಿನ ಮೇಲೆ ಕೂತು, ಗೋಡೆಯ ಮೇಲಿನ ಕಣ್ಣು ಪರೀಕ್ಷೆಯ ಅಕ್ಷರಗಳನ್ನು ಮೇಲಿನಿಂದ ಕೆಳಕ್ಕೆ, ಕೆಳಗಿನಿಂದ ಮೇಲಕ್ಕೆ ಓದಿದರು. ವೈದ್ಯೆ ಹುಡುಗಿಯ ಮಾತನ್ನು ಪೂರ್ತಿ ಕೇಳಿ, ಸ್ಕ್ಯಾನು ಮಾಡಿಸಿ, ಗಾಬರಿಪಡುವಂಥದ್ದೇನೂ ಕಾಣುತ್ತಿಲ್ಲವೆಂದು ಮಾತ್ರೆ ಬರೆದುಕೊಟ್ಟರು. "ನೋವು ಮಾತ್ರ ನಿಜ. ತಡ್ಕೊಳ್ಳೋಷ್ಟು ತಡ್ಕೊಂಡು ಆಮೇಲೆ ಮಾತ್ರೆ ನುಂಗಬೇಡ. ಶುರುವಾದ ತಕ್ಷಣ, ಏನಾದ್ರೂ ತಿಂದು ತಗೋ. ಇದರಲ್ಲೂ ಕಡಿಮೆಯಾಗ್ಲಿಲ್ಲ ಅಂದ್ರೆ ಮತ್ತೆ ಬಾ, ಬೇರೆ ದಾರಿಗಳಿವೆ."

ಬೇರೆ ದಾರಿಗಳಿವೆ ಎಂಬ ಆ ಮಾತು ಹುಡುಗಿಗೆ ಮಾತ್ರೆಗಿಂತ ಮೊದಲೇ ಕೆಲಸ ಮಾಡಿತು. ಅಂದು ಊಟಕ್ಕೆ ಎರಡು ಸಲ ಬಡಿಸಿಕೊಂಡಳು.

ಲೆಕ್ಕದ ಪರೀಕ್ಷೆಯ ದಿನ ಬೆಳಿಗ್ಗೆಯೇ ನೋವು ಬಂತು. ಅವಳು ಹೆದರಿದಳು, ಆದರೆ ಅಡುಗೆಮನೆಗೆ ಬಂದು ಬಾಯಿಬಿಟ್ಟು ಹೇಳಿದಳು. ಅಜ್ಜಿ ತಿಂಡಿ ಕೊಟ್ಟರು, ಮಾತ್ರೆ ಕೊಟ್ಟರು, ಬಿಸಿನೀರಿನ ಚೀಲವನ್ನು ಹೊಟ್ಟೆಯ ಮೇಲಿಟ್ಟು ಅರ್ಧ ಗಂಟೆ ಮಲಗಿಸಿದರು. ಮಾವ ಶಾಲೆಗೆ ಮೊದಲೇ ಹೋಗಿ, ಪರೀಕ್ಷಾ ಕೋಣೆಯ ಮೇಲ್ವಿಚಾರಕಿಯನ್ನು ಹುಡುಕಿ, "ನಮ್ಮ ಮೊಮ್ಮಗಳಿಗೆ ಇವತ್ತು ಮುಟ್ಟಿನ ನೋವಿದೆ. ನಡುವೆ ಎದ್ದು ಹೋಗಬೇಕಾದ್ರೆ ದಯವಿಟ್ಟು ಕಳಿಸಿಕೊಡಿ" ಎಂದು ಒಂದೇ ಉಸಿರಿಗೆ ಹೇಳಿಬಿಟ್ಟರು. ಕಿವಿ ಮತ್ತೆ ಕೆಂಪಾದದ್ದು ನಿಜ. ಮೇಲ್ವಿಚಾರಕಿ ತಲೆಯಾಡಿಸಿ, ಬಾಗಿಲ ಹತ್ತಿರದ ಜಾಗವನ್ನೇ ಕೊಟ್ಟರು.

ಮೂರು ಗಂಟೆ ಕಾಲ ಗೇಟಿನೆದುರು ಅಜ್ಜ ಅಜ್ಜಿ ಕಾದರು. ಮಕ್ಕಳು ಗುಂಪುಗುಂಪಾಗಿ ಹೊರಬಂದರು. ಇವಳು ಕೊನೆಯಲ್ಲಿ, ನಿಧಾನಕ್ಕೆ, ಆದರೆ ಗೆಳತಿಯ ಜೊತೆ ಉತ್ತರದ ಬಗ್ಗೆ ಜಗಳವಾಡುತ್ತಾ ಬಂದಳು. ಆ ಜಗಳ ನೋಡಿಯೇ ಅಜ್ಜಿ ದೊಡ್ಡ ಉಸಿರು ಬಿಟ್ಟರು.

"ನೋವಿತ್ತಾ?" ಎಂದರು ಮಾವ.

"ಇತ್ತು. ಒಂದು ಸಲ ಎದ್ದು ಹೋಗಿ ಬಂದೆ. ಒಂದೇ ಒಂದು ಲೆಕ್ಕ ಬಿಟ್ಟೆ, ಅದು ನೋವಿಂದಲ್ಲ ತಾತ, ಗೊತ್ತೇ ಇರಲಿಲ್ಲ."

ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ಹಿಡಿದು, ಮೂರನೇ ನಿಲ್ದಾಣ ಬರುವಷ್ಟರಲ್ಲಿ ಅವಳು ಅಜ್ಜಿಯ ಭುಜದ ಮೇಲೆ ನಿದ್ದೆ ಹೋದಳು. ಮಾವ ಕಂಬಿ ಹಿಡಿದು ಪಕ್ಕದಲ್ಲೇ ನಿಂತಿದ್ದರು. ಹೆಂಡತಿ ಭುಜ ಅಲುಗಿಸದೆ, ಕಣ್ಣಲ್ಲೇ ಅವರಿಗೆ ಹಿಂದೆ ಖಾಲಿಯಾದ ಸೀಟು ತೋರಿಸಿದರು.