ಹದಿನಾರು ತಿಂಗಳ ನರ್ಸಿಂಗ್ ಮತ್ತು ಸಹನಾ ಕೂತ ಸ್ಟೂಲು

ಕೊರೋನಾದ ಗಲಾಟೆ ಮುಗಿದು ಆಸ್ಪತ್ರೆಗಳು ಮೊದಲಿನಂತಾಗುತ್ತಿದ್ದ ಕಾಲ. ನಾನು ತಿರುವನಂತಪುರದ ಒಂದು ಖಾಸಗಿ ಆಸ್ಪತ್ರೆಯಲ್ಲಿ ಗಂಡಸರ ಮೆಡಿಕಲ್ ವಾರ್ಡಿನ ಇನ್‌ಚಾರ್ಜ್ ಸಿಸ್ಟರ್ ಆಗಿದ್ದೆ. ನಿವೃತ್ತಿಗೆ ಒಂದು ವರ್ಷ ಉಳಿದಿತ್ತು. ಮೊಮ್ಮಕ್ಕಳೇ, ನಿಮ್ಮ ಅಜ್ಜ ಆಗಲೇ ತೀರಿಹೋಗಿದ್ದರು. ಆಸ್ಪತ್ರೆಯ ಕ್ವಾರ್ಟರ್ಸಿನಲ್ಲಿ ನಾನೊಬ್ಬಳೇ ಇದ್ದೆ. ರಜೆ ಸಿಕ್ಕಾಗ ರೈಲು ಹಿಡಿದು ತ್ರಿಪ್ಪುಣಿತ್ತುರದ ನಿಮ್ಮ ಮನೆಗೆ ಬರುತ್ತಿದ್ದೆ.

ಮೊನ್ನೆ ಊಟಕ್ಕೆ ಕೂತಾಗ ನಿಮ್ಮಲ್ಲೊಬ್ಬಳು ಫೋನು ತೋರಿಸಿ, ಡಿಗ್ರಿ ಆದವರಿಗೆ ಹೊರದೇಶದಲ್ಲಿ ಒಂದೂವರೆ ವರ್ಷದೊಳಗೆ ನರ್ಸಿಂಗ್ ಡಿಗ್ರಿ ಸಿಗುತ್ತದಂತೆ, ನಿಜವೇ ಎಂದು ಮಲಯಾಳದಲ್ಲಿ ಕೇಳಿದಳು. ನಾಲ್ಕು ಜನ ಕೂತಲ್ಲಿ ನನಗೆ ಬಾಯಿ ಬರುವುದಿಲ್ಲ. ಕಾಸರಗೋಡಿನ ಹಳ್ಳಿಶಾಲೆಯಲ್ಲಿ ಕಲಿತ ಕನ್ನಡದಲ್ಲಿ ಬರೆಯಲು ಬರುತ್ತದೆ. ನಿಮಗೆ ಓದಲು ಕಷ್ಟವಾದರೆ ನಿಮ್ಮಮ್ಮನಿಂದ ಓದಿಸಿಕೊಳ್ಳಿ. ರೋಗಿಯ ಮತ್ತು ಹುಡುಗಿಯ ಹೆಸರನ್ನು ಬದಲಿಸಿದ್ದೇನೆ.

ಸಹನಾ ಮೈಸೂರಿನ ಹುಡುಗಿ. ಕಾಲೇಜಿನಲ್ಲಿ ಬಯೋಟೆಕ್ನಾಲಜಿ ಓದಿ, ಕೊಚ್ಚಿಯ ಐಟಿ ಪಾರ್ಕಿನಲ್ಲಿ ಟೆಸ್ಟರ್ ಆಗಿದ್ದಳು. ಬೇರೆಯವರು ಬರೆದ ಸಾಫ್ಟ್‌ವೇರಿನಲ್ಲಿ ತಪ್ಪು ಹುಡುಕಿ ಹೇಳುವ ಕೆಲಸ. ಅವಳ ಸೋದರಮಾವ ಶ್ರೀಧರ ರಾಯರು ನಿಮ್ಮ ಅಜ್ಜನ ಜೊತೆ ಬ್ಯಾಂಕಿನಲ್ಲಿದ್ದವರು. ಒಂದು ರಜೆಯಲ್ಲಿ ನಾನು ಬಂದಿದ್ದಾಗ ಮಾವ ಸೊಸೆ ಇಬ್ಬರೂ ಮನೆಗೆ ಬಂದು, ಕೊಚ್ಚಿಯ ಕಲೂರಿನಲ್ಲಿ, ಹೊರದೇಶದ ನರ್ಸಿಂಗ್ ಕೋರ್ಸಿಗೆ ಕಳಿಸುವ ಒಂದು ಏಜೆನ್ಸಿಯ ಸೆಮಿನಾರ್ ಇದೆ, ನೀವೂ ಬನ್ನಿ ಎಂದರು.

"ನೋಬಲ್ ಪ್ರೊಫೆಷನ್ ನೋಡಿ ಸರಸಮ್ಮ," ಎಂದರು ರಾಯರು. ಇದೇ ರಾಯರು ತಮ್ಮ ಮಗನಿಗೆ ಬಂದಿದ್ದ ಸಂಬಂಧವೊಂದನ್ನು, ಹುಡುಗಿ ನರ್ಸ್ ಎಂಬ ಒಂದೇ ಕಾರಣಕ್ಕೆ, ನನ್ನೆದುರೇ ಬೇಡವೆಂದಿದ್ದರು. 'ಕಂಡವರ ಮೈ ಮುಟ್ಟೋ ಕೆಲಸ' ಎಂದಿದ್ದರು. ವೀಸಾ ಎಂಬ ಒಂದು ಕಾಗದ ಎದುರು ಬಂದ ಕೂಡಲೇ ಕಂಡವರ ಮೈ ಪವಿತ್ರವಾಗಿಬಿಟ್ಟಿತ್ತು.

ಸೆಮಿನಾರು ಒಂದು ಮೊಬೈಲ್ ಅಂಗಡಿಯ ಮೇಲಿನ ಹಾಲಿನಲ್ಲಿ. ಗೋಡೆಯ ಬ್ಯಾನರಿನಲ್ಲಿ ಬಿಳಿ ಕೋಟಿನ ಹುಡುಗಿ ಸ್ಟೆತಸ್ಕೋಪನ್ನು ಹಿಂದುಮುಂದಾಗಿ ಕಿವಿಗೆ ಸಿಕ್ಕಿಸಿಕೊಂಡು ನಗುತ್ತಿದ್ದಳು. ಹಾಗೆ ಹಾಕಿದರೆ ಎದೆಬಡಿತ ಸರಿಯಾಗಿ ಕೇಳಿಸದು. ಆ ಹಾಲಿನಲ್ಲಿ ಯಾರಿಗೂ ಅದನ್ನು ಕೇಳಿಸಿಕೊಳ್ಳುವ ಅವಸರವಿರಲಿಲ್ಲ. ಏಜೆನ್ಸಿಯ ಡೈರೆಕ್ಟರ್ ಟೈ ಕಟ್ಟಿದ ತರುಣ. ಹದಿನಾರು ತಿಂಗಳು, ಆಮೇಲೆ ಕೆಲಸ, ಆಮೇಲೆ ಪಿ.ಆರ್. ಎಂಬ ಅಲ್ಲೇ ನೆಲೆಸುವ ಪರವಾನಗಿ ಎಂದು ಬೆರಳು ಮಡಚಿದ. "ನಿಮಗೆ ಡಿಗ್ರಿ ಆಲ್‌ರೆಡಿ ಇದೆ. ಪ್ಲಸ್ ಟು ಮಕ್ಕಳ ಜೊತೆ ನಾಲ್ಕು ವರ್ಷ ಯಾಕೆ ಕೂರಬೇಕು? ಬೆಡ್‌ಸೈಡ್ ಎಲ್ಲ ಸಿಂಪಲ್, ಈಗ ಮೆಷೀನೇ ಮಾಡುತ್ತೆ," ಎಂದ. ಅವನನ್ನು ಒಂದೇ ಒಂದು ಬೆಳಗ್ಗೆ ನಮ್ಮ ವಾರ್ಡಿನಲ್ಲಿ ಬೆಡ್‌ಪ್ಯಾನ್ ಹಿಡಿಸಿ ನಿಲ್ಲಿಸಬೇಕು, ಯಾವ ಮೆಷೀನು ಬಂದು ಬಿಡಿಸುತ್ತದೆ ನೋಡೋಣ ಎನ್ನಿಸಿತು.

ನಾನು ಧೈರ್ಯ ಮಾಡಿ ಒಂದೇ ಒಂದು ಪ್ರಶ್ನೆ ಕೇಳಿದೆ: ಅಲ್ಲಿ ಹೀಗೆ ಓದಿದವಳು ಊರಿಗೆ ಮರಳಿದರೆ, ಇಲ್ಲಿ ನರ್ಸ್ ಆಗಿ ನೋಂದಣಿ ಸಿಗುತ್ತದೆಯೇ?

"ಎಂಟೆ ಚೇಚೀ," ನನ್ನಕ್ಕಾ ಎಂದು ಅವನು ನಕ್ಕ. "ಅಲ್ಲಿಂದ ವಾಪಸ್ ಯಾರು ಬರ್ತಾರೆ?"

ಸಭೆ ಪೂರ್ತಿ ನಕ್ಕಿತು. ರಾಯರು ಎಲ್ಲರಿಗಿಂತ ಜೋರಾಗಿ ನಕ್ಕರು. ಸಹನಾ ಮಾತ್ರ ನಗಲಿಲ್ಲ. ಹೊರಗೆ ಬಂದ ಮೇಲೆ ಬಸ್‌ಸ್ಟ್ಯಾಂಡಿನ ಬಳಿ ನನ್ನನ್ನು ಪಕ್ಕಕ್ಕೆ ಕರೆದಳು.

"ಆಂಟಿ, ತಿಂಗಳ ಕೊನೆಯೊಳಗೆ ಸೀಟು ಒಪ್ಕೋಬೇಕಂತೆ. ಆ ಕೋರ್ಸ್ ಜೊತೆ ಬೇರೆ ಕೆಲಸ ಮಾಡಕ್ಕಾಗಲ್ಲ, ಅಷ್ಟು ಬಿಗಿ. ಅಂದ್ರೆ ರಾಜೀನಾಮೆ ಕೊಡ್ಬೇಕು. ಆಮೇಲೆ ಇದು ನಂಗಲ್ಲ ಅಂತ ಅನ್ನಿಸಿದ್ರೆ ಎರಡೂ ಇರಲ್ಲ."

"ನಿಂಗೆ ನರ್ಸ್ ಎಂತಕೆ ಆಗ್ಬೇಕು?" ಎಂದೆ.

"ನಾನು ದಿನಾ ತಪ್ಪು ಹುಡುಕ್ತೀನಿ. ಅದರಿಂದ ಯಾರಿಗೂ ಏನೂ ಆಗಲ್ಲ. ಯಾರಿಗಾದ್ರೂ ಏನಾದ್ರೂ ಆಗೋ ಕಡೆ ಹುಡುಕ್ಬೇಕು ಅನ್ಸುತ್ತೆ."

ಈ ಉತ್ತರವೂ ನನಗೆ ರುಚಿಸಲಿಲ್ಲ. ಆದರೂ ಬ್ಯಾನರಿಗಿಂತ ವಾಸಿ. ನರ್ಸಿಂಗ್ ಸೂಪರಿಂಟೆಂಡೆಂಟರ ಒಪ್ಪಿಗೆ ಕೇಳಿ, ಒಂದು ವಾರ ವಾರ್ಡಿನಲ್ಲಿ ನೋಡುತ್ತ ಕೂರಲು ಅವಳನ್ನು ತಿರುವನಂತಪುರಕ್ಕೆ ಕರೆಸಿಕೊಂಡೆ. ಔಷಧಿ ಮುಟ್ಟುವಂತಿಲ್ಲ, ಸೂಜಿ ಮುಟ್ಟುವಂತಿಲ್ಲ. ಕೂರಲು ಒಂದು ಸ್ಟೂಲು. ರಾತ್ರಿ ನನ್ನ ಕ್ವಾರ್ಟರ್ಸಿನಲ್ಲಿ ಮಲಗುವುದು.

ನಮ್ಮಲ್ಲಿ ಶಿಫ್ಟು ಬದಲಾಗುವಾಗ 'ಓವರ್ ಕೊಡುವುದು' ಎಂಬ ಕ್ರಮವಿದೆ. ಹೋಗುವ ನರ್ಸು ಬರುವ ನರ್ಸನ್ನು ಒಂದೊಂದು ಹಾಸಿಗೆಯ ಬಳಿಗೂ ಕರೆದೊಯ್ದು, ಈ ರೋಗಿಗೆ ಏನಾಯಿತು, ಏನು ಕೊಟ್ಟೆವು, ಏನು ಬಾಕಿ ಎಂದು ಒಪ್ಪಿಸುತ್ತಾಳೆ. ಆಗ ರೋಗಿಯ ಪಕ್ಕ ಅವನ ಮನೆಯವರೂ ನಿಂತಿರುತ್ತಾರೆ. ಅವರನ್ನು ಕೇರಳದಲ್ಲಿ ಬೈಸ್ಟ್ಯಾಂಡರ್ ಎನ್ನುತ್ತಾರೆ. ರೋಗಿಗೆ ಉಣ್ಣಿಸುವುದು, ಒರೆಸುವುದು, ಅರ್ಧರಾತ್ರಿ ಎದ್ದು ನೋಡುವುದು ಎಲ್ಲ ಅವರೇ. ನರ್ಸು ಕಾಣದ್ದನ್ನು ಅವರು ಕಂಡಿರುತ್ತಾರೆ.

ಸಹನಾಳ ಸ್ಟೂಲು ಸುಕುಮಾರನ್ ಎಂಬವರ ಹಾಸಿಗೆಯ ಬಳಿ. ನಿವೃತ್ತ ಬಸ್ ಕಂಡಕ್ಟರ್. ಹೃದಯದ ಶಕ್ತಿ ಕುಂದಿ, ಮೈಯಲ್ಲಿ ನೀರು ತುಂಬಿ, ಕಾಲು ಊದಿಕೊಂಡಿತ್ತು. ಇಂಥವರಿಗೆ ದಿನಕ್ಕೆ ಇಷ್ಟೇ ನೀರು ಎಂದು ಡಾಕ್ಟರು ಮಿತಿ ಹಾಕುತ್ತಾರೆ. ಮೂತ್ರ ಹೆಚ್ಚಿಸುವ ಮಾತ್ರೆ ಕೊಡುತ್ತಾರೆ. ಪ್ರತಿ ಬೆಳಗ್ಗೆ ತೂಕ ನೋಡುತ್ತಾರೆ. ಅವರ ಬೈಸ್ಟ್ಯಾಂಡರ್ ಹೆಂಡತಿ ವಿಲಾಸಿನಿ. ಬಾಟಲಿಗೆ ಗೆರೆ ಹಾಕಿ, ಗೆರೆ ದಾಟದಂತೆ ನೀರು ಕೊಡುತ್ತಿದ್ದರು. ಆದರೂ ತೂಕ ಏರುತ್ತಲೇ ಇತ್ತು.

"ಆಂಟಿ, ತೂಕದ ಮೆಷೀನ್ ಚೆಕ್ ಮಾಡ್ಸಿ," ಎಂದಳು ಸಹನಾ ಎರಡನೆಯ ದಿನ.

"ಅವರ ಕಾಲನ್ನು ಒಮ್ಮೆ ಒತ್ತಿ ನೋಡು. ಬೆರಳಿನ ಗುಂಡಿ ಹಾಗೇ ಉಳಿತದೆ. ಅದಕ್ಕೂ ರಿಪೇರಿಯವನನ್ನು ಕರೆಯುವುದಾ?" ಎಂದೆ.

ಅವಳು ಸೋಲುವವಳಲ್ಲ. ಮರುದಿನ ಮಧ್ಯಾಹ್ನ ವಿಲಾಸಿನಿಯ ಜೊತೆ ಕ್ಯಾಂಟೀನಿಗೆ ಹೋದಾಗ ಕಂಡುಹಿಡಿದೇಬಿಟ್ಟಳು. ಆಸ್ಪತ್ರೆಯ ಅಡುಗೆಮನೆ ಸುಕುಮಾರನ್ ಅವರಿಗೆ ಗಟ್ಟಿ ಅನ್ನ ಕಳಿಸುತ್ತಿತ್ತು. ಅವರಿಗೆ ಅದು ಗಂಟಲಲ್ಲಿ ಇಳಿಯದು. ವಿಲಾಸಿನಿ ಅದನ್ನು ತಾವು ಉಂಡು, ಕ್ಯಾಂಟೀನಿನಿಂದ ದೊಡ್ಡ ಸ್ಟೀಲ್ ಪಾತ್ರೆಯ ತುಂಬ ಗಂಜಿ ತಂದು ಗಂಡನಿಗೆ ಕುಡಿಸುತ್ತಿದ್ದರು, ಹೊತ್ತು ಹೊತ್ತಿಗೂ. ನೀರು ಎಷ್ಟು ಕೊಟ್ಟಿರಿ ಎಂದು ನಾವು ಕೇಳಿದಾಗ ಬಾಟಲಿ ತೋರಿಸುತ್ತಿದ್ದರು. ಸುಳ್ಳು ಹೇಳಿದ್ದಲ್ಲ. ಗಂಜಿ ಅವರ ಪ್ರಕಾರ ಊಟ. ನೀರಿನ ಲೆಕ್ಕಕ್ಕೆ ಊಟವನ್ನು ಸೇರಿಸುವವರು ಯಾರು? "ಅದು ಕಂಞಿಯಲ್ಲೇ ಮೋಳೇ, ವೆಳ್ಳಮಲ್ಲಲ್ಲೋ," ಗಂಜಿಯಲ್ಲವಾ ಮಗಳೇ, ನೀರಲ್ಲವಲ್ಲ ಎಂದರಂತೆ. ಸಹನಾಳ ಮುಖ ನೋಡಿ ಹೆದರಿ, ಸಿಸ್ಟರಿಗೆ ಹೇಳಬೇಡ ಎಂದು ಕೈ ಹಿಡಿದರಂತೆ.

ಸಹನಾ ನೇರ ವಾರ್ಡಿಗೆ ಬಂದಳು. ಓವರ್ ನಡೆಯುತ್ತಿತ್ತು. ಎರಡು ಶಿಫ್ಟಿನ ನರ್ಸುಗಳು, ಅಕ್ಕಪಕ್ಕದ ಹಾಸಿಗೆಯವರು, ಎಲ್ಲರೆದುರು ಮಲಯಾಳದಲ್ಲೇ ಹೇಳಿದಳು: "ಸಿಸ್ಟರ್, ಸಿಕ್ಕಿತು! ಇವರ ಹೆಂಡತಿ ಕದ್ದು ಗಂಜಿ ಕೊಡ್ತಿದ್ದಾರೆ." ಪರೀಕ್ಷೆಯಲ್ಲಿ ಮೊದಲ ರ‍್ಯಾಂಕು ಬಂದವಳ ಮುಖ.

ಪಾತ್ರೆ ಹಿಡಿದು ಹಿಂದೆಯೇ ಬಂದ ವಿಲಾಸಿನಿ ಬಾಗಿಲಲ್ಲೇ ನಿಂತರು. "ಞಾನ್ ಕೊಲ್ಲಾನ್ ಕೊಡುತ್ತದಾಣೋ?" ಎಂದರು. ಕೊಲ್ಲಲಿಕ್ಕೆ ಕೊಟ್ಟೆನಾ ನಾನು? ಪಕ್ಕದ ಹಾಸಿಗೆಯ ಬೈಸ್ಟ್ಯಾಂಡರ್ ಒಬ್ಬಳು ತುಟಿ ಲೊಚಗುಟ್ಟಿದಳು. ಆಮೇಲೆ ವಿಲಾಸಿನಿ ನಮ್ಮ ಯಾರೊಡನೆಯೂ ಮಾತಾಡಲಿಲ್ಲ. ನಾನು ಸಮಾಧಾನ ಹೇಳಹೋದರೆ ಗೋಡೆಯ ಕಡೆ ತಿರುಗಿದರು.

"ಹೇಳದೇ ಇದ್ದಿದ್ರೆ ಅವರು ಸಾಯ್ತಿದ್ರು ಆಂಟಿ!" ಎಂದು ಸಹನಾ ಕ್ವಾರ್ಟರ್ಸಿನಲ್ಲಿ ಕೂಗಾಡಿದಳು.

"ಹೇಳ್ಬೇಕಾದ್ದೇ. ನನ್ನನ್ನು ಹೊರಗೆ ಕರೆದು ಹೇಳ್ಬೇಕಿತ್ತು. ನೀನು ಹೇಳಿದ್ದು ನಿನ್ನ ಜಾಣತನ ನಾಲ್ಕು ಜನಕ್ಕೆ ಗೊತ್ತಾಗ್ಲಿ ಅಂತ. ಗಂಜಿ ಸಿಕ್ಕಿತು, ಸರಿ. ನಾಳೆಯಿಂದ ಆಕೆ ಕಂಡದ್ದು ಒಂದೂ ನಮಗೆ ಸಿಗುದಿಲ್ಲ. ಕಂಪ್ಯೂಟರಿಗೆ ಅವಮಾನ ಆಗುದಿಲ್ಲ ಮಾರಾಯ್ತಿ, ಅದಕ್ಕೇ ನಿಂಗೆ ಅಲ್ಲಿ ಅಷ್ಟು ಸುಲಭ."

ಮರುದಿನ ರೈಲು ಹತ್ತುತ್ತಾಳೆ ಎಂದೇ ಎಣಿಸಿದ್ದೆ. ಹತ್ತಲಿಲ್ಲ. ಹೋಗಿ ಅದೇ ಸ್ಟೂಲಿನ ಮೇಲೆ ಕೂತಳು. ಹರಕುಮುರುಕು ಮಲಯಾಳದಲ್ಲಿ ಕ್ಷಮೆ ಕೇಳಿದಳು. ವಿಲಾಸಿನಿ ಸ್ಟೂಲು ಸರಿಸು, ಗುಡಿಸಬೇಕು ಎಂದರು. ಸರಿಸಿದಳು. ಗುಡಿಸಿದ ಮೇಲೆ ಮತ್ತೆ ಕೂತಳು.

"ನಾನಿಷ್ಟು ಮಾಡಿದ್ರೂ ಒಂದು ಮಾತಿಲ್ಲ," ಎಂದು ಊಟದ ಹೊತ್ತಿಗೆ ನನ್ನ ಬಳಿ ಗೊಣಗಿದಳು.

"ಥ್ಯಾಂಕ್ಸ್ ಬೇಕಾದ್ರೆ ಹೂವಿನ ಅಂಗಡಿ ಇಡು," ಎಂದೆ.

ಮಧ್ಯಾಹ್ನ ಸುಕುಮಾರನ್ ಅವರೇ ಅವಳ ಮೇಲೆ ಕನಿಕರಪಟ್ಟರು. "ಟಿಕೆಟ್ ತಗೊಂಡ್ಯಾ ಮೋಳೇ? ಎರಡು ಟ್ರಿಪ್ಪಿನಿಂದ ಇದೇ ಸೀಟಲ್ಲಿದ್ದೀಯ, ಇಳಿಯೋ ಸ್ಟಾಪೇ ಬರಲಿಲ್ವಾ?" ಎಂದು ಮಲಯಾಳದಲ್ಲಿ ರೇಗಿಸಿದರು. ವಿಲಾಸಿನಿಯ ತುಟಿ ಅಲುಗಿತು. ಸಹನಾ ಫೋನನ್ನು ಚೀಲದಲ್ಲಿಟ್ಟು ಆ ಹೊತ್ತನ್ನೆಲ್ಲ ಸುಮ್ಮನೆ ಕೂತು ಕಳೆದಳು. ಎದುರಿಗೆ ಅಂಕಿಯಿಲ್ಲ, ಕೆಲಸವಿಲ್ಲ, ತನ್ನನ್ನು ಕಂಡರಾಗದ ಒಬ್ಬ ಹೆಂಗಸು ಮಾತ್ರ. ಅದಕ್ಕಿಂತ ಕಷ್ಟದ ಪಾಠ ನನಗೂ ಯಾರೂ ಕೊಟ್ಟಿರಲಿಲ್ಲ.

ಗಂಜಿ ನಿಂತರೂ ತೂಕ ನಿರೀಕ್ಷಿಸಿದಷ್ಟು ಇಳಿಯಲಿಲ್ಲ. ಡಾಕ್ಟರು ಮಾತ್ರೆಯ ಬದಲು ಇಂಜೆಕ್ಷನ್ ಯೋಚಿಸುತ್ತಿದ್ದರು. ಅವಳ ವಾರ ಮುಗಿಯುವ ದಿನ ನಾನು ಪಕ್ಕದ ಹಾಸಿಗೆಯ ಬಳಿ ಓವರ್ ಕೇಳುತ್ತಿದ್ದೆ. ಸಹನಾ ಪರದೆಯಾಚೆ ಬಂದು ನಿಂತಳು. ನಾನು ಮುಗಿಸುವವರೆಗೆ ಕಾದು, ಕಾರಿಡಾರಿನ ಕೊನೆಗೆ ಕರೆದೊಯ್ದು ಮೆಲ್ಲಗೆ ಹೇಳಿದಳು.

"ಈಗಷ್ಟೇ ವಿಲಾಸಿನಿ ಅಮ್ಮ ಹೇಳಿದ್ರು. ಸಂಜೆ ಮಾತ್ರೆ ಅವರು ನುಂಗಲ್ವಂತೆ. ಕೆನ್ನೆಯಲ್ಲಿಟ್ಕೊಂಡು, ಸಿಸ್ಟರ್ ಹೋದ್ಮೇಲೆ ಉಗೀತಾರಂತೆ. ಮಾತ್ರೆ ತಗೊಂಡ್ರೆ ರಾತ್ರಿ ಪೂರ್ತಿ ಮೂತ್ರಕ್ಕೆ ಏಳ್ಬೇಕು. ಪ್ರತಿಸಲ ಅಮ್ಮನ್ನ ಎಬ್ಬಿಸೋಕೆ ಮನಸ್ಸಿಲ್ಲ, ಡ್ಯೂಟಿ ಹುಡುಗೀರ ಹತ್ರ ಮೂತ್ರದ ಪಾತ್ರೆ ಕೇಳೋಕೆ ನಾಚಿಕೆಯಂತೆ. ಆಂಟಿ, ಅಮ್ಮ ಹೇಳಿದ್ದು ಅಂತ ಅವರಿಗೆ ಗೊತ್ತಾಗ್ಬಾರ್ದು."

ಗೊತ್ತಾಗಲಿಲ್ಲ. ಡಾಕ್ಟರಿಗೆ ತಿಳಿಸಿದೆ, ಅವರು ಸಂಜೆಯ ಮಾತ್ರೆಯನ್ನು ಹಗಲಿಗೆ ತಂದರು. ಗಾಳಿ ಚೆನ್ನಾಗಿ ಬರುತ್ತದೆ ಎಂಬ ನೆಪ ಹೇಳಿ ಸುಕುಮಾರನ್ ಅವರನ್ನು ಬಾತ್‌ರೂಮಿನ ಪಕ್ಕದ ಹಾಸಿಗೆಗೆ ಬದಲಿಸಿ, ಗಂಡಸು ಅಟೆಂಡರನ್ನು ಹಚ್ಚಿದೆ. ಕಾಲಿನ ಊತ ಇಳಿಯತೊಡಗಿತು. ಮುಂದೆ ಅವರು ತಾವೇ ನಡೆದು ಮನೆಗೆ ಹೋದರು.

ವಾರ ಮುಗಿದ ಅಂದೇ ಸಂಜೆ ಸಹನಾಳನ್ನು ರೈಲಿಗೆ ಬಿಡಲು ನಾನೇ ಹೋದೆ. ಪ್ಲಾಟ್‌ಫಾರ್ಮಿನಲ್ಲಿ ಕೇಳಿದಳು: "ಆಂಟಿ, ಹದಿನಾರು ತಿಂಗಳಲ್ಲಿ ಇದನ್ನ ಕಲಿಸ್ತಾರಾ?"

"ನಾಲ್ಕು ವರ್ಷದಲ್ಲೂ ಕಲಿಸುದಿಲ್ಲ. ಆದ್ರೆ ನಾಲ್ಕು ವರ್ಷದಲ್ಲಿ ತಪ್ಪು ಮಾಡಿ ಅದೇ ಸ್ಟೂಲಿಗೆ ವಾಪಸ್ ಬರ್ಲಿಕ್ಕೆ ಪುರುಸೊತ್ತು ಇರ್ತದೆ. ಓಡುವ ಕೋರ್ಸಿನಲ್ಲಿ ಅದು ಕಮ್ಮಿ."

"ನಂಗೆ ಆ ಪುರುಸೊತ್ತು ಬೇಕು," ಎಂದಳು.

ಕಲೂರಿನ ಏಜೆನ್ಸಿಯ ಸೀಟನ್ನು ಅವಳು ಬಿಟ್ಟಳು. ಇನ್ನೂ ಕೆಲವು ತಿಂಗಳು ಐಟಿ ಪಾರ್ಕಿನಲ್ಲೇ ಇದ್ದು, ಭಾನುವಾರಗಳಲ್ಲಿ ಹಾಸಿಗೆ ಹಿಡಿದವರ ಮನೆಗಳಿಗೆ ಹೋಗುವ ಪ್ಯಾಲಿಯೇಟಿವ್ ತಂಡದ ಜೊತೆ ತಿರುಗಿದಳು. ಆಗಲೂ ಮನಸ್ಸು ಬದಲಾಗಲಿಲ್ಲ. ರಾಜೀನಾಮೆ ಕೊಟ್ಟು ನಾಲ್ಕು ವರ್ಷದ ಬಿ.ಎಸ್ಸಿ. ನರ್ಸಿಂಗಿಗೆ ಸೇರಿದಳು. ಕ್ಲಾಸಿನಲ್ಲಿ ಪ್ಲಸ್ ಟು ಮುಗಿಸಿದ ಮಕ್ಕಳು ಅವಳನ್ನು ಚೇಚಿ ಎನ್ನುತ್ತಾರೆ. ಶ್ರೀಧರ ರಾಯರು ಮದುವೆಮನೆಗಳಲ್ಲಿ ಅವಳ ಸುದ್ದಿ ಎತ್ತುವುದಿಲ್ಲ. ಯಾರಾದರೂ ಕೇಳಿದರೆ, "ಹೆಲ್ತ್‌ಕೇರ್ ಸೆಕ್ಟರ್," ಎಂದು ಪಾಯಸದ ಕಡೆ ತಿರುಗುತ್ತಾರೆ.

ಮಕ್ಕಳೇ, ಬೇಗ ಮುಗಿಯುವ ಕೋರ್ಸನ್ನು ನಾನು ಹಳಿಯುತ್ತಿಲ್ಲ. ಹಾಗೆ ಓದಿದ ಒಳ್ಳೆಯ ನರ್ಸುಗಳೂ ಇದ್ದಾರೆ. ಅವರಲ್ಲಿ ಹಲವರು ಮನೆಯ ರೋಗಿಯನ್ನೋ ಪರರ ಬೈಗುಳವನ್ನೋ ಮೊದಲೇ ಕಂಡವರು, ಕೋರ್ಸು ಅವರಿಗೆ ಬಾಕಿಯಿದ್ದದ್ದನ್ನು ಕೊಟ್ಟಿತು. ನೀವು ಹೋಗುವುದಾದರೆ ಕೆಲಸ ಬಿಟ್ಟು ಬದುಕಬಲ್ಲಿರಾ ಎಂದು ಲೆಕ್ಕ ಹಾಕಿ, ಅಲ್ಲಿನ ಡಿಗ್ರಿಗೆ ಇಲ್ಲಿ ಬೆಲೆಯಿದೆಯೇ ಎಂದು ಬರಹದಲ್ಲಿ ಉತ್ತರ ಪಡೆಯಿರಿ, ನಗುವವರಿಂದ ಪಡೆಯಬೇಡಿ. ಅದಕ್ಕೂ ಮೊದಲು ಯಾವುದಾದರೂ ವಾರ್ಡಿನಲ್ಲಿ ಅನುಮತಿ ಕೇಳಿ, ನಿಮ್ಮನ್ನು ಕಂಡರಾಗದ ಒಬ್ಬರ ಪಕ್ಕ ಒಂದು ವಾರ ಕೂತು ನೋಡಿ. ನನ್ನ ಕೆಲಸ ನನಗೆ ಕಲಿಸಿದ್ದು ಇಷ್ಟೇ: ರೋಗಿಯ ಬಗ್ಗೆ ತಿಳಿಯಬೇಕಾದ ಮುಖ್ಯ ಸಂಗತಿಯನ್ನು ಯಾರೋ ಒಬ್ಬರು ನಿಮ್ಮನ್ನು ನಂಬಿ ಹೇಳಬೇಕು. ಆ ನಂಬಿಕೆ ಬರುವ ವೇಗವನ್ನು ಯಾವ ಏಜೆನ್ಸಿಯೂ ಹೆಚ್ಚಿಸಲಾರದು.