ಅಟ್ಟ ಬಿಡದ ಬೆಕ್ಕು

ಕೃಷ್ಣೆಯ ನೆರೆ ಇಳಿದು ಚಳಿ ಶುರುವಾಗಿದ್ದ ದಿನಗಳು. ನಾನಾಗ ರಾಯಬಾಗ ತಾಲ್ಲೂಕಿನ ಒಂದು ಸರ್ಕಾರಿ ಪಶು ಆಸ್ಪತ್ರೆಯಲ್ಲಿ ವೈದ್ಯಾಧಿಕಾರಿಯಾಗಿದ್ದೆ. ನಿವೃತ್ತಿ ಹತ್ತಿರ ಬಂದಿತ್ತು. ನೌಕರಿ ಸೇರಿದಂದಿನಿಂದ ಚಿಕ್ಕೋಡಿ, ಅಥಣಿ, ಕಾಗವಾಡ, ನಿಪ್ಪಾಣಿ ಎಂದು ಇದೇ ಸೀಮೆಯಲ್ಲಿ ಸುತ್ತಿದವಳು ನಾನು. ನನ್ನ ಕೈ ಓಡುತ್ತಿದ್ದುದು ಎಮ್ಮೆಯ ಗರ್ಭದೊಳಗೆ, ಎತ್ತಿನ ಗೊರಸಿನ ಸಂದಿನಲ್ಲಿ. ಬೆಕ್ಕು ನನ್ನ ಪಾಲಿಗೆ ಬಹುಮಟ್ಟಿಗೆ ಪುಸ್ತಕದ ಪ್ರಾಣಿ. ಅದರಲ್ಲೂ ನೆರೆ ಬಂದು ಹೋದ ಮೇಲೆ ಸತ್ತ ದನಗಳ ಪಂಚನಾಮೆ, ಬದುಕಿದ ದನಗಳ ಲಸಿಕೆ ಅಂತ ಊಟಕ್ಕೂ ಪುರುಸೊತ್ತಿರಲಿಲ್ಲ. ಅಂಥ ಹೊತ್ತಿನಲ್ಲಿ ಒಬ್ಬ ಬಂದು ಬೆಕ್ಕಿನ ಸಂಡಾಸದ ಮಾತು ತೆಗೆದರೆ ಯಾರಿಗಾದರೂ ಸಿಟ್ಟು ಬರುತ್ತದೆ.

“ಮೇಡಂ, ನಮ್ಮ ಬೆಕ್ಕ ಅಟ್ಟದ ಮ್ಯಾಲೆ ಹೊಲಸ ಮಾಡಾಕತ್ತೈತ್ರಿ. ಅದನ್ನ ಕೆಳಗ, ಡಬ್ಬಿಗೆ ಹೋಗೂಹಂಗ ಮಾಡಿ ಕೊಡ್ರಿ.”

“ಇಲ್ಲಿ ಎಮ್ಮಿ ಸಾಯಾಕತ್ತಾವ, ನಿಂದೇನೋ ತಮ್ಮಾ ಬೆಕ್ಕಿನ ಸಂಡಾಸದ ಚಿಂತಿ!” ಎಂದು ನಾನು ರೇಗಿದೆ. ಸುತ್ತ ನಿಂತವರೆಲ್ಲ ನಕ್ಕರು. ಅವನು ನಗಲಿಲ್ಲ, ಹೋಗಲೂ ಇಲ್ಲ. ಎಮ್ಮೆಯವರೆಲ್ಲ ಹೋಗುವ ತನಕ ಬಾಗಿಲ ಕಂಬಕ್ಕೆ ಒರಗಿ ನಿಂತಿದ್ದ. ಹೆಸರು ರಾಮಗೊಂಡ, ವಯಸ್ಸು ನಲವತ್ತರ ಆಸುಪಾಸು. ಹೊಳೆಯ ದಂಡೆಯ ಒಂದು ಊರಿನವನು. ಆ ಊರಿನ ಹೆಸರು ಇಲ್ಲಿ ಬೇಡ. ಕೊನೆಗೆ ಹತ್ತಿರ ಬಂದು ಮೆಲ್ಲಗೆ ಹೇಳಿದ: “ಹೆಣ್ತಿ ಅಟ್ಟಾ ಹತ್ತಿ ತೊಳೀತೀನಿ ಅಂತ ಹಟಾ ಹಿಡದಾಳ್ರಿ. ಆಕಿ ಹತ್ತಬಾರ್ದು.”

“ಯಾಕ?”

“ಹತ್ತಬಾರ್ದ್ರಿ.”

ನಿಚ್ಚಣಿಕೆ ಮುರಿದಿರಬೇಕು, ಇಲ್ಲವೇ ಅವಳು ಬಸುರಿ ಇರಬೇಕು ಎಂದುಕೊಂಡೆ. ಹೇಗೂ ಆ ಊರಿಗೆ ಲಸಿಕೆಗೆ ಹೋಗುವುದಿತ್ತು, ಬರುತ್ತೇನೆ ಎಂದೆ. ಆಸ್ಪತ್ರೆಯ ಜವಾನ ಜೀಪಿಗೆ ಐಸ್ ಪೆಟ್ಟಿಗೆ ಏರಿಸುತ್ತ, “ಬೆಕ್ಕಿಗೆ ಗಂಟಿ ಕಟ್ಟಾಕ ಹೊಂಟ್ರೇನ್ರಿ ಮೇಡಂ?” ಎಂದು ಚೇಷ್ಟೆ ಮಾಡಿದ.

ಹಂಚಿನ ಮನೆ. ಬಾಗಿಲ ಚೌಕಟ್ಟಿಗಿಂತ ಮೇಲೆ ಗೋಡೆಯ ಸುತ್ತ ನೀರು ನಿಂತ ಗೆರೆ ಇನ್ನೂ ಹಾಗೇ ಇತ್ತು. ರಾಮಗೊಂಡನ ಹೆಂಡತಿ ಸುಜಾತಾ ಬಸುರಿಯೇನೂ ಅಲ್ಲ, ನಿಚ್ಚಣಿಕೆಯೂ ಗಟ್ಟಿಯಾಗಿತ್ತು. ನಾನು ಕೂರುವ ಮೊದಲೇ ಆಕೆ ಶುರು ಮಾಡಿದಳು: “ನೀವರ ಹೇಳ್ರಿ ಬಾಯಾರ. ಅಟ್ಟದ ಕೆಳಗ ಅಡಗಿ ಮನಿ, ಅಲ್ಲೇ ದೇವರ ಜಗಲಿ. ವಾಸನಿ ಸೀದಾ ಕೆಳಗ ಇಳೀತೈತಿ. ಒಂದ ಬಕೀಟ ನೀರು, ಒಂದೀಟ ಫಿನಾಯಿಲ್ ತಗೊಂಡ ಹತ್ತಿದ್ರ ತೊಳದ ಮುಗೀತೈತಿ. ಇವರು ಹತ್ತಗೊಡೂದಿಲ್ಲ. ಅಕ್ಕ ಸತ್ತ ಜಾಗಾ, ಮುಟ್ಟಬ್ಯಾಡ ಅಂತಾರ. ಹಂಗಂತ ಬೆಕ್ಕಿನ ಉಚ್ಚಿ ಹಂಗ ಬಿಡೂದೇನ್ರಿ? ಬೆಕ್ಕನ್ನರ ಚೀಲದಾಗ ಹಾಕ್ಕೊಂಡ ಹೊಳಿ ಆಚಿ ಬಿಟ್ಟ ಬರ್ರಿ ಅಂದೆ. ಅದೂ ಆಗೂದಿಲ್ಲಂತ.”

ಅಕ್ಕ ಎಂದರೆ ರಾಮಗೊಂಡನ ಅಕ್ಕ, ಇಂದಕ್ಕ. ಮದುವೆಯಾಗಿರಲಿಲ್ಲ. ಜಂಪರ್, ಅಂದರೆ ರವಿಕೆ, ಹೊಲಿಯುವುದರಲ್ಲಿ ಆ ಕಡೆಗೆಲ್ಲ ಎತ್ತಿದ ಕೈ. ಸುಜಾತಾಳಿಗೆ ಹೊಲಿಗೆ ಕಲಿಸಿದವಳೂ ಅವಳೇ. ನಾಯಿ ಕಚ್ಚಿ ಹಿಂಗಾಲು ಕುಂಟಾದ ಒಂದು ಗಂಡು ಮರಿಯನ್ನು ತಂದು, ಬೋಕ್ಯಾ ಎಂದು ಹೆಸರಿಟ್ಟು ಸಾಕಿದ್ದಳು. ನಾಯಿಗಳ ಹೆದರಿಕೆಯಿಂದ ಅದನ್ನು ಹೊರಗೆ ಬಿಡುತ್ತಿರಲಿಲ್ಲ. ಅದಕ್ಕೆಂದೇ ಎಣ್ಣೆಯ ಡಬ್ಬಿಯನ್ನು ಅಡ್ಡ ಕತ್ತರಿಸಿ, ಉಸುಕು ತುಂಬಿ ಹಿತ್ತಿಲ ಬಾಗಿಲ ಬಳಿ ಇಟ್ಟಿದ್ದಳು. ಪೇಟೆಯವರು ಲಿಟರ್ ಬಾಕ್ಸ್ ಎನ್ನುವುದು ಇದಕ್ಕೇ.

ನೀರು ಊರೊಳಗೆ ನುಗ್ಗಿದ ದಿನ ರಾಮಗೊಂಡ ದನಗಳನ್ನು ಹೊಡೆದುಕೊಂಡು ಮೊದಲೇ ಎತ್ತರದ ಮಡ್ಡಿಗೆ ಹೋಗಿದ್ದ. ಇಂದಕ್ಕ ಬೋಕ್ಯಾನನ್ನು ಚೀಲದಲ್ಲಿ ಹಾಕಿಕೊಂಡು ಪಕ್ಕದ ಮನೆಯವರ ಟ್ರ್ಯಾಕ್ಟರ್ ಹತ್ತಿದಳು. ಸುಜಾತಾ ಮಕ್ಕಳ ಜೊತೆ ಬೋಟಿಗೆ ಕಾದಳು. ಟ್ರ್ಯಾಕ್ಟರ್ ಹೊರಡುವ ಹೊತ್ತಿಗೆ ಬೋಕ್ಯಾ ಚೀಲದಿಂದ ಜಿಗಿದು ಮನೆಯೊಳಗೆ ಓಡಿತ್ತು. ಅದರ ಹಿಂದೆ ಇಂದಕ್ಕ ಇಳಿದು ಹೋದದ್ದನ್ನು ಆ ಗದ್ದಲದಲ್ಲಿ ಯಾರೂ ನೋಡಲಿಲ್ಲ. ಟ್ರ್ಯಾಕ್ಟರಿನವರು ಬೋಟಿಗೆ ಹೋದಳು ಎಂದುಕೊಂಡರು, ಬೋಟಿನವರು ಟ್ರ್ಯಾಕ್ಟರಿಗೆ ಎಂದುಕೊಂಡರು. ದಾರಿ ಕಡಿದಿತ್ತು, ಫೋನು ಸತ್ತಿದ್ದವು, ಒಬ್ಬೊಬ್ಬರು ಒಂದೊಂದು ಊರಿನ ಗಂಜಿ ಕೇಂದ್ರದಲ್ಲಿದ್ದರು. ನೀರು ಇಳಿದ ಮೇಲೆ ರಾಮಗೊಂಡನೇ ಮೊದಲು ಮನೆಗೆ ಬಂದು ಅಕ್ಕನನ್ನು ಅಟ್ಟದ ಮೇಲೆ ಕಂಡದ್ದು.

ಸುಜಾತಾಳ ದನಿ ಇಳಿಯಿತು. “ಟ್ರ್ಯಾಕ್ಟರದಾಗ ಕುಂತದ್ದನ್ನ ಕಣ್ಣಾರೆ ನೋಡೀನ್ರಿ ಬಾಯಾರ. ಬೋಟಿನಾಂವ ಕೇಳಿದಾ, ಮನ್ಯಾಗ ಮತ್ತ್ಯಾರರ ಅದಾರೇನು ಅಂತ. ಯಾರೂ ಇಲ್ಲ ಅಂತ ನಾನ ಹೇಳಿದೆ.” ಸೆರಗಿನಿಂದ ಬಾಯಿ ಒರೆಸಿಕೊಂಡಳು. “ದಮ್ಮಿನ ಮನಶ್ಯಾಳು. ಥಂಡಿಗೆ ಮೊದಲ್ನೇ ರಾತ್ರಿನ ಹ್ವಾದ್ರಂತ. ಭಾಳ ತ್ರಾಸ ಆಗಿಲ್ಲ ಅಂದ್ರು ಇವ್ರು. ಅದೊಂದ ನನಗ ಸಮಾಧಾನ.”

ನಾನು ಬೆಕ್ಕಿನ ಕೆಲಸಕ್ಕೆ ಇಳಿದೆ. ಡಬ್ಬಿ ಬಿಟ್ಟ ಬೆಕ್ಕಿನಲ್ಲಿ ಮೊದಲು ನೋಡಬೇಕಾದ್ದು ಮೂತ್ರದ ದಾರಿ. ಗಂಡು ಬೆಕ್ಕಿಗೆ ಅಲ್ಲಿ ಹರಳು ಕಟ್ಟಿದರೆ ಅದು ತಿಣುಕುತ್ತದೆ, ಕೂಗುತ್ತದೆ, ತಡ ಮಾಡಿದರೆ ಜೀವಕ್ಕೇ ಸಂಚಕಾರ. ಬೋಕ್ಯಾನ ಹೊಟ್ಟೆ ಒತ್ತಿ ನೋಡಿದೆ. ಮೂತ್ರಕೋಶ ಮೆತ್ತಗಿತ್ತು. ಎರಡನೆಯದು, ಗಂಡು ಬೆಕ್ಕು ತನ್ನ ಗಡಿ ಗುರುತಿಸಲು ಬಾಲ ಎತ್ತಿ ಗೋಡೆಗೆ ಸಿಂಪಡಿಸುವುದು. ಅದೂ ಅಲ್ಲ, ಇದು ಕೂತು ಕೆರೆದು ಮುಚ್ಚುತ್ತದೆ ಎಂದ ರಾಮಗೊಂಡ. ಡಬ್ಬಿಯ ಉಸುಕನ್ನು ಮೂಸಿದೆ. ನೆರೆಯ ರಾಡಿಯ ನಾತ ಇನ್ನೂ ಇತ್ತು. ಕಾರಣ ಅರ್ಧ ಸಿಕ್ಕಿತು. ಆದರೆ ಅಟ್ಟವೇ ಏಕೆ?

“ಮ್ಯಾಲೆ ನೋಡಬೇಕು” ಎಂದೆ. ರಾಮಗೊಂಡ ನನ್ನ ಮುಖವನ್ನೇ ನೋಡುತ್ತ ನಿಂತ. ಆಮೇಲೆ ಹೆಂಡತಿಗೆ, “ಮೇಡಂಗ ಛಾ ಮಾಡು” ಎಂದು ಹೇಳಿ ಆಕೆಯನ್ನು ಒಳಗೆ ಕಳಿಸಿದ. ನಾನು ಸೆರಗು ಸಿಕ್ಕಿಸಿಕೊಂಡು, ಮಂಡಿನೋವಿಗೆ ಶಾಪ ಹಾಕುತ್ತ ಹತ್ತಿದೆ.

ತಲೆ ಎತ್ತಿದರೆ ಜಂತಿ ಬಡಿಯುವಂಥ ಅಟ್ಟ. ಮೊಬೈಲಿನ ಬೆಳಕು ಹಾಕಿದೆ. ಒಂದು ಮೂಲೆಯಲ್ಲಿ ಹಿಟ್ಟು ನಾದುವ ಪರಾತ ಇತ್ತು, ತುಂಬ ಬೂದಿ. ಬೀಜಕ್ಕೆ ಬೆರೆಸಲು ಕೂಡಿಟ್ಟ ಬೂದಿಯ ಚೀಲ ಪಕ್ಕದಲ್ಲೇ ಬಾಯಿ ಬಿಚ್ಚಿಕೊಂಡು ಕೂತಿತ್ತು. ಬೋಕ್ಯಾ ನೆಚ್ಚಿಕೊಂಡಿದ್ದು ಆ ಪರಾತವನ್ನು. ತಿಂಗಳುಗಟ್ಟಲೆ ಯಾರೂ ತೆಗೆಯದೆ ಅದು ಗಬ್ಬೆದ್ದು ಹೋಗಿತ್ತು. ಕೌದಿಗೆಂದು ಉಳಿಸಿದ್ದ ಜಂಪರ್ ತುಣುಕುಗಳ ಗಂಟೂ ಅಲ್ಲೇ ಬಿಚ್ಚಿ ಬಿದ್ದಿತ್ತು. ತಲೆಯ ಮೇಲೆ ಜಂತಿಗೆ ಒಂದು ದಾರ, ದಾರಕ್ಕೆ ಸಾಲಾಗಿ ಸಣ್ಣ ಸಣ್ಣ ಗಂಟುಗಳು: ಕೆಂಪು, ಹಸಿರು, ಹಳದಿ. ನಮ್ಮ ಕಡೆ ಬೀಜ ಹೀಗೆ ಕಟ್ಟಿ ತೂಗುಹಾಕುತ್ತಾರೆ. ಸೋರೆಯೋ ಹೀರೆಯೋ ಇರಬೇಕು ಎಂದು ಒಂದನ್ನು ಬಿಚ್ಚಿದೆ.

ಬೀಜವಲ್ಲ. ಬೂದಿ ಮೆತ್ತಿದ ಬೆಕ್ಕಿನ ಹೇಲು, ಒಣಗಿ ಗಟ್ಟಿಯಾಗಿತ್ತು.

ನನಗೆ ತಕ್ಷಣ ತಿಳಿಯಲಿಲ್ಲ. ಆಮೇಲೆ ಹೊಳೆಯಿತು. ಬೆಕ್ಕು ಗಂಟು ಕಟ್ಟುವುದಿಲ್ಲ. ಮೊದಲನೇ ರಾತ್ರಿ ಸತ್ತವಳು ಪರಾತದ ಹೊಲಸು ತೆಗೆದು, ತುಣುಕಿನಲ್ಲಿ ಸುತ್ತಿ, ದಾರಕ್ಕೆ ಕಟ್ಟುವುದಿಲ್ಲ. ಅದೂ ಒಂದು ಸಲವಲ್ಲ. ಆ ಗಂಟುಗಳನ್ನು ನಾನು ಎಣಿಸಿದೆ. ಎಷ್ಟಿದ್ದವು ಎಂದು ಇಲ್ಲಿ ಬರೆಯಲಾರೆ.

ಮೇಲೆ ಎರಡು ಹಂಚು ಒಳಗಿನಿಂದ ಸರಿಸಿದ್ದ ಗುರುತು ಕಂಡಿತು. ಕೂಗಿದ್ದಾಳೆ. ಊರು ಖಾಲಿ, ಕೇಳುವವರಾರು? ಕೂಗಿ ಸಾಕಾದ ಮೇಲೆ ಬೆಕ್ಕಿನ ಹೊಲಸು ಬಳಿದು ತೆಗೆದಿದ್ದಾಳೆ. ಅದನ್ನು ಕೆಳಗಿನ ನೀರಿಗೆ ಎಸೆಯಬಹುದಿತ್ತಲ್ಲ ಎಂದು ಅನ್ನಿಸಿತು. ಆದರೆ ಕೆಳಗಿದ್ದದ್ದು ನೀರಾದರೂ ಅದು ಅವಳ ಅಡುಗೆಮನೆ, ಅವಳ ದೇವರ ಜಗಲಿ. ನಾನು ಆ ಬೂದಿಯಲ್ಲೇ ಕೂತುಬಿಟ್ಟೆ. ಇಷ್ಟು ವರ್ಷ ಸತ್ತ ದನಗಳ ಹೊಟ್ಟೆ ಬಗೆದು ಕಾರಣ ಹುಡುಕಿದವಳಿಗೆ ಅಂದು ಕಣ್ಣೀರು ತಡೆಯಲಾಗಲಿಲ್ಲ.

ನಿಚ್ಚಣಿಕೆಯ ತುದಿಯಲ್ಲಿ ರಾಮಗೊಂಡನ ತಲೆ ಕಂಡಿತು. “ಅವನ್ನ ಕೆಳಗ ತರಬ್ಯಾಡ್ರಿ ಮೇಡಂ” ಎಂದು ಪಿಸುಗುಟ್ಟಿದ.

“ನಿನಗ ಗೊತ್ತೈತಿ?”

“ಆಕೀನ್ನ ಇಳಿಸಿದಾಂವ ನಾನ್ರಿ. ಕೈ ಇನ್ನೂ ಸೆಟದಿದ್ದಿಲ್ಲ, ಮಡಚತಿತ್ತು. ಜೀವಾ ಹೋಗಿ ಭಾಳ ಹೊತ್ತ ಆಗಿದ್ದಿಲ್ಲ.” ಅಡುಗೆಮನೆಯ ಕಡೆ ಒಮ್ಮೆ ನೋಡಿದ. “ಯಾರೂ ಇಲ್ಲ ಅಂತ ಬೋಟಿನಾಂವಗ ಹೇಳಿದಾಕಿ ಸುಜಾತಾ. ಇದು ಗೊತ್ತಾದ್ರ ಆಕಿ ಉಳಿಯೂದಿಲ್ರಿ. ಮೊದಲ್ನೇ ರಾತ್ರಿನ ಹ್ವಾದ್ಲು ಅಂತ ನಾನ ಹುಟ್ಟಿಸಿ ಹೇಳೀನಿ.”

“ಹಂಗಾರ ಇವನ್ನ ಕಿತ್ತ ಒಗದಬಿಡಬೇಕಿಲ್ಲೋ?”

“ಕೈ ಏಳವಲ್ದ್ರಿ. ಅಕ್ಕ ಕಟ್ಟಿದ ಗಂಟು ಅವು.”

ಅಷ್ಟು ಹೊತ್ತಿಗೆ ಕೆಳಗಿನಿಂದ “ಛಾ ಆತ್ರಿ ಬಾಯಾರ” ಎಂಬ ಕೂಗು ಬಂತು. ನಾನು ಬಿಚ್ಚಿದ ಗಂಟನ್ನು ಮೊದಲಿನಂತೆ ಕಟ್ಟಲು ನೋಡಿದೆ, ಅವಳ ಹಾಗೆ ಬರಲಿಲ್ಲ. ಹೇಗೋ ಬಿಗಿದು ಕೆಳಗಿಳಿದೆ.

ಛಾ ಕುಡಿಯುತ್ತ ಚಿಕಿತ್ಸೆ ಹೇಳಿದೆ. ಬೆಕ್ಕು ತಾನು ಕಾಲಿಟ್ಟು ಕೆರೆಯುವ ವಸ್ತುವನ್ನು ನೆನಪಿಡುತ್ತದೆ. ಪುಸ್ತಕದಲ್ಲಿ ಇದಕ್ಕೆ ಸಬ್‌ಸ್ಟ್ರೇಟ್ ಪ್ರಿಫರೆನ್ಸ್ ಎನ್ನುತ್ತಾರೆ. ನೆಲ ನೀರಾದ ದಿನಗಳಲ್ಲಿ ಬೋಕ್ಯಾ ಕಲಿತದ್ದು ಇಷ್ಟೇ: ಕೆಳಗೆ ಅಪಾಯ, ಮೇಲೆ ಬೂದಿ. ಹಾಗಾಗಿ ಡಬ್ಬಿಯ ಉಸುಕು ತೆಗೆದು ಬೂದಿ ತುಂಬಬೇಕು. ಡಬ್ಬಿಯನ್ನು ಮೊದಲು ಅಟ್ಟದಲ್ಲೇ ಇಡಬೇಕು, ಆಮೇಲೆ ಅಟ್ಟದ ಬಾಯಿಗೆ, ಆಮೇಲೆ ಕಾಳಿನ ಪೆಟ್ಟಿಗೆಯ ಮೇಲೆ, ಕೊನೆಗೆ ನೆಲಕ್ಕೆ. ಅವಸರ ಮಾಡಬಾರದು, ಬೈಯಬಾರದು. ಪರಾತವನ್ನು ರಾಮಗೊಂಡ ತೆಗೆಯಲಿ. ಫಿನಾಯಿಲ್ ಬೆಕ್ಕಿಗೆ ವಿಷ, ಮುಟ್ಟಲೇಬೇಡಿ ಎಂದೆ. ಅದು ನಿಜ. “ಬ್ಯಾರೆ ಮನಶ್ಯಾರ ವಾಸನಿ ಬಂದ್ರೂ ಬೆಕ್ಕ ಕೆಡತೈತಿ, ನೀವು ಹತ್ತಬ್ಯಾಡ್ರಿ” ಎಂದು ಸುಜಾತಾಳಿಗೆ ಹೇಳಿದೆ. ಅದು ನಾನು ಸೇರಿಸಿದ್ದು. ಆಕೆ ನನ್ನನ್ನೇ ನೋಡುತ್ತಿದ್ದಳು.

ಸಂಕ್ರಾಂತಿಯ ನಂತರ ಆ ಊರಿಗೆ ಮತ್ತೆ ಹೋದಾಗ ರಾಮಗೊಂಡ ಕಬ್ಬು ಕಡಿಸಲು ಹೋಗಿದ್ದ. ಸುಜಾತಾ ನನ್ನನ್ನು ಹಿತ್ತಿಲ ಬಾಗಿಲಿಗೆ ಕರೆದೊಯ್ದಳು. ಡಬ್ಬಿ ನೆಲದ ಮೇಲಿತ್ತು. ಬೂದಿಯಲ್ಲಿ ಬೋಕ್ಯಾನ ಉಗುರಿನ ಗೆರೆಗಳಿದ್ದವು. “ಬೇಷ್ ಆತು ಬಿಡವಾ” ಎಂದೆ, ನಿಜಕ್ಕೂ ಖುಷಿಯಾಗಿ. ಆಕೆ ಕೂತು, ಹೊಲಸನ್ನು ಕಟ್ಟಿಗೆಯ ಚಮಚದಿಂದ ತೆಗೆದು, ಸೊಂಟದಿಂದ ಒಂದು ಹಳದಿ ಜಂಪರ್ ತುಣುಕು ಎಳೆದಳು. ಅದರಲ್ಲಿ ಸುತ್ತಿ ಗಂಟು ಹಾಕಿದಳು. ಅದೇ ಗಂಟು. ನನಗೆ ಕಟ್ಟಲು ಬಾರದೆ ಹೋದದ್ದು.

ಆಕೆ ತಲೆ ಎತ್ತಲಿಲ್ಲ.

“ಆವತ್ತ ನೀವು ಅಟ್ಟದಿಂದ ಇಳದ ಬಂದ್ರಲ್ರಿ, ಆಗ ನಿಮ್ಮ ಮಾರಿ ನೋಡಿದೆ ಬಾಯಾರ. ಮರುದಿನಾ ಇವ್ರು ಹೊಲಕ್ಕ ಹ್ವಾದಕೂಡ್ಲೆ ಹತ್ತಿದೆ.”

“ಸುಜಾತಾ...”

“ಯಾರೂ ಇಲ್ಲ ಅಂದೆ ನೋಡ್ರಿ ನಾನು. ಅಕ್ಕ ಮ್ಯಾಲೆ ಕುಂತ ಗಂಟ ಕಟ್ಟತಿದ್ರು.” ಅಳಲಿಲ್ಲ. ಹಳದಿ ಗಂಟನ್ನು ಅಂಗೈಯಲ್ಲಿ ಹಿಡಿದುಕೊಂಡೇ ಇದ್ದಳು. “ಅವರಿಗೆ ಗೊತ್ತಿಲ್ರಿ. ಮೊದಲ್ನೇ ರಾತ್ರಿನ ಹ್ವಾದ್ಲು ಅಂತ ನಂಬ್ಯಾರ. ಗೊತ್ತಾದ್ರ ನನ್ನ ಮಾರಿ ನೋಡತಾರೇನ್ರಿ? ನೋಡಿದ್ರೂ ಅವರಿಗೆ ಅದನ್ನ ಹೊತ್ತ ಬಾಳೂದಾಗೂದಿಲ್ಲ. ನಿಮ್ಮ ಕಾಲ ಬೀಳತೀನಿ, ಹೇಳಬ್ಯಾಡ್ರಿ.”

ಬಾಯಲ್ಲಿ ಬಿಸಿ ತುಪ್ಪ ಇಟ್ಟುಕೊಂಡ ಹಾಗಾಯಿತು ನನಗೆ. ಅವನಿಗೆ ಗೊತ್ತಿದೆಯವ್ವಾ, ನಿನಗೋಸ್ಕರವೇ ಬಚ್ಚಿಟ್ಟಿದ್ದಾನೆ ಎಂಬ ಮಾತು ತುಟಿಯ ತನಕ ಬಂತು. ಆದರೆ ಅವನಿಗೂ ನಾನು ಮಾತು ಕೊಟ್ಟಂತೆಯೇ ಇತ್ತು. “ಹೂಂ” ಎಂದೆ. ಬೋಕ್ಯಾ ಬಂದು ನಮ್ಮಿಬ್ಬರ ನಡುವಿನ ಡಬ್ಬಿಯನ್ನು ಮೂಸಿ, ತೃಪ್ತಿಯಾದಂತೆ ಹೋಗಿ ಬಿಸಿಲಿಗೆ ಮಲಗಿತು.

ಮಾತು ಬಾರದ ರೋಗಿಗಳ ಜೊತೆ ಬದುಕು ಕಳೆದವಳು ನಾನು. ಅವುಗಳ ಮುಖ ಓದುವುದೇ ನಮ್ಮ ವಿದ್ಯೆ ಎಂದು ಹೊಸಬರಿಗೆ ಬೋಧಿಸುತ್ತಿದ್ದೆ. ಆ ಮನೆ ಕಲಿಸಿದ್ದು ಬೇರೆ: ರೋಗಿಯನ್ನು ಕರೆತಂದವರು ಅಷ್ಟೂ ಹೊತ್ತು ನಮ್ಮ ಮುಖ ಓದುತ್ತಿರುತ್ತಾರೆ. ಕೊಟ್ಟಿಗೆಯಿಂದ ಬರುವಾಗ, ಅಟ್ಟದಿಂದ ಇಳಿಯುವಾಗ, ಬಾಯಿ ತೆರೆಯುವ ಮೊದಲೇ ನಾವು ಹೇಳಿಬಿಟ್ಟಿರುತ್ತೇವೆ. ಉಳಿದ ಎರಡು ವರ್ಷ ಪ್ರತಿ ಮನೆಯಿಂದ ಹೊರಗೆ ಬರುವ ಮುನ್ನ ನಾನು ಒಂದು ಗಳಿಗೆ ನಿಂತು ಮುಖ ಒರೆಸಿಕೊಳ್ಳುತ್ತಿದ್ದೆ.

ಈಗ ಚಿಕ್ಕೋಡಿಯಲ್ಲಿದ್ದೇನೆ. ಆ ಮನೆಯಿಂದ ಆಗಾಗ ಫೋನ್ ಬರುತ್ತದೆ. ಒಮ್ಮೆ ರಾಮಗೊಂಡ ಮಾಡುತ್ತಾನೆ, ಹೊಲದಿಂದ. ಒಮ್ಮೆ ಸುಜಾತಾ ಮಾಡುತ್ತಾಳೆ, ಅವನಿಲ್ಲದಾಗ. ಬೋಕ್ಯಾ ಹೇಗಿದೆ ಎಂದು ನಾನು ಕೇಳುತ್ತೇನೆ. “ಡಬ್ಬಿಗೇ ಹೋಗತೈತ್ರಿ” ಎನ್ನುತ್ತಾರೆ ಇಬ್ಬರೂ. ಅಟ್ಟ ತೊಳೆದಿರಾ ಎಂದು ಕೇಳಿದರೆ, ಇನ್ನೂ ಇಲ್ಲ ಎನ್ನುತ್ತಾರೆ. ಆಮೇಲೆ ಫೋನ್ ಇಡುವುದಿಲ್ಲ, ಮಾತೂ ಆಡುವುದಿಲ್ಲ. ಅವರು ಸಾಕೆನ್ನುವ ತನಕ ನಾನೂ ಹಾಗೇ ಫೋನ್ ಹಿಡಿದುಕೊಂಡಿರುತ್ತೇನೆ.