ಪಾಪಿಯ ಪಾಲಿನ ಒಬ್ಬಟ್ಟು

ನನ್ನ ಮೊಮ್ಮಗಳು ತನ್ವಿಯ ಕಾರಿಗೆ ಇವತ್ತು ವಾರಂಟ್ ಬಂತು! ನಮ್ಮ ತಿಪಟೂರಿನಲ್ಲಿ ವಾರಂಟ್ ಬಂತು ಅಂದರೆ ಮನೆಯವರು ಬಾಗಿಲು ಹಾಕಿಕೊಂಡು ಅಳುತ್ತಾರೆ, ವಕೀಲರನ್ನು ಹುಡುಕಿಕೊಂಡು ಓಡುತ್ತಾರೆ. ಈ ನ್ಯೂಜಿಲೆಂಡಿನಲ್ಲಿ ಒಬ್ಬಟ್ಟಿಗೆ ಬೇಳೆ ಬೇಯಿಸುತ್ತಾರೆ. ಕಾರನ್ನು ಪರೀಕ್ಷೆ ಮಾಡಿ, ಇದು ರಸ್ತೆಗೆ ಇಳಿಯಬಹುದು ಎಂದು ಗಾಜಿಗೆ ಅಂಟಿಸುವ ಚೀಟಿಗೆ ಇಲ್ಲಿ ಆ ಹೆಸರು. ಗ್ಯಾರೇಜಿನಲ್ಲಿ ಹೆಣದ ಹಾಗೆ ಬಿದ್ದಿದ್ದ ಕಾರು ಎದ್ದು ಓಡಾಡುತ್ತಿದೆ. ಕುಣಿದುಬಿಡೋಣ ಅನಿಸುತ್ತಿದೆ, ಮಂಡಿ ಒಪ್ಪುತ್ತಿಲ್ಲ.

ಒಂದೇ ಸಂಕಟ. ಸುದ್ದಿ ನನಗಿಂತ ಮುಂಚೆ ಆ ಪಾಪಿಗೆ ಹೋಯಿತು. ನಾನು ಅದೇ ಕಾರಿನೊಳಗೆ ಕೂತಿದ್ದೆ. ಅವನು ಸಮುದ್ರದಾಚೆ ಫ್ರಾನ್ಸಿನಲ್ಲಿ ಇದ್ದ. ಆದರೂ ಅವನಿಗೇ ಮೊದಲು!

ಪಾಪಿ ಅಂದರೆ ಮಾರ್ಸೆಲ್. ನಾವಿರುವ ಹೆಂಡರ್ಸನ್ ಬಡಾವಣೆಯಲ್ಲಿ, ನಮ್ಮ ಮನೆಯಿಂದ ಸ್ವಲ್ಪ ದೂರದಲ್ಲಿ ಅವನ ಗುಜರಿ ಇತ್ತು. ಬರೀ ಫ್ರೆಂಚ್ ಕಾರುಗಳ ಗುಜರಿ. ಕಪ್ಪೆ ಮುಖದವು, ಮೂತಿ ಚೂಪಾದವು, ಹಿಂಭಾಗ ನೆಲಕ್ಕೆ ಕುಸಿದವು, ಎಲ್ಲ ಹುಲ್ಲಿನಲ್ಲಿ ಸಾಲಾಗಿ ನಿಂತಿದ್ದವು. ಸತ್ತ ಕಾರಿನ ಬಾಗಿಲು ತಟ್ಟಿ, ಒಳಗಿನವರ ಅಪ್ಪಣೆ ಕೇಳಿ ತೆಗೆಯುವ ಮನುಷ್ಯನನ್ನು ನಾನು ನೋಡಿದ್ದು ಅವನೊಬ್ಬನನ್ನೇ. ಟೋಪಿ ಎತ್ತಿ, ಬೆರಳಿನ ಗೆಣ್ಣಿನಿಂದ ಎರಡು ಸಲ ತಟ್ಟಿ, "ಪಾರ್ದೋ, ಮದಾಮ್" ಅನ್ನುತ್ತಿದ್ದ. ಕ್ಷಮಿಸಮ್ಮಾ ತಾಯಿ, ಎಂದು ಅರ್ಥವಂತೆ. ಅವನಿಗೆ ಕಾರುಗಳೆಲ್ಲ ಹೆಂಗಸರು.

ಇನ್ನೊಂದು ಪದ್ಧತಿ ಇಟ್ಟಿದ್ದ. ಬಂದವರು ಬಂದ ತಕ್ಷಣ ಆ ಸಾಮಾನು ಇದೆಯಾ, ಈ ಸಾಮಾನು ಇದೆಯಾ ಎಂದು ಕೇಳುವ ಹಾಗಿರಲಿಲ್ಲ. ಮೊದಲು ಗುಜರಿಯನ್ನು ಒಂದು ಸುತ್ತು ಹಾಕಬೇಕು. "ನೋಡದೆ ಕೇಳೋನಿಗೆ ಏನು ಬೇಕು ಅಂತ ಅವನಿಗೇ ಗೊತ್ತಿರಲ್ಲ" ಅನ್ನುತ್ತಿದ್ದ. ನಾವು ದೇವಸ್ಥಾನದಲ್ಲಿ ಪ್ರದಕ್ಷಿಣೆ ಹಾಕುವುದಿಲ್ಲವೇ, ಹಾಗೆ.

ತನ್ವಿ ಆಲ್ಬನಿಯಲ್ಲಿ ಕಾಲೇಜು ಓದುವ ಹುಡುಗಿ. ಊರು ಬಿಟ್ಟು ಹೋಗುತ್ತಿದ್ದ ಯಾರಿಂದಲೋ ಓಡದ ಹಳೆಯ ಫ್ರೆಂಚ್ ಕಾರನ್ನು ಎಳೆಸಿಕೊಂಡು ಬಂದಳು. ಅಂದಿನಿಂದ ಅವಳ ಶನಿವಾರಗಳೆಲ್ಲ ಗುಜರಿಯ ಪಾಲಾದವು. ಮುಂಚೆ ಶನಿವಾರ ನಾವಿಬ್ಬರೂ ಸೇರಿ ದೋಸೆ ಹುಯ್ಯುತ್ತಿದ್ದೆವು. ಅವಳು ಕನ್ನಡ ಅರ್ಥ ಮಾಡಿಕೊಳ್ಳುತ್ತಾಳೆ, ಉತ್ತರವೆಲ್ಲ ಇಂಗ್ಲಿಷಿನಲ್ಲಿ. ತಾತ ಎನ್ನುವ ಒಂದು ಮಾತು ಮಾತ್ರ ಕನ್ನಡದ್ದು. ನನ್ನ ಆಸ್ತಿ ಅಂದರೆ ಅದೊಂದೇ.

ಒಂದು ದಿನ ಅವಳು ಫೋನಿನಲ್ಲಿ "ನೋ, ಪಾಪಿ! ಲಿಸನ್, ಪಾಪಿ!" ಎಂದು ಕೂಗುವುದು ಕೇಳಿಸಿತು. ನನಗೆ ಸ್ವರ್ಗಕ್ಕೆ ಮೂರೇ ಗೇಣು. ಅಡುಗೆ ಮನೆಗೆ ಹೋಗಿ ಮಗಳು ಸುಮನಾಗೆ ಹೇಳಿದೆ.

"ಕೇಳಿದ್ಯೇನೇ? ನಿನ್ನ ಮಗಳು ಯಾವನನ್ನೋ ಪಾಪಿ ಅಂತ ಬೈತಾವ್ಳೆ! ಅಪ್ಪಟ ಕನ್ನಡದಲ್ಲಿ ಬೈತಾವ್ಳೆ!"

ಸುಮನಾ ನಕ್ಕು ನಕ್ಕು ಸೌಟು ಕೆಳಗಿಟ್ಟಳು. "ಅಯ್ಯೋ ಅಪ್ಪಾ, ಅದು ಬೈಗುಳ ಅಲ್ಲ. ಆ ಗುಜರಿ ಮಾರ್ಸೆಲ್ ಅವ್ರನ್ನ ಅವಳು ಹಾಗೇ ಕರಿಯೋದು. ಫ್ರೆಂಚಲ್ಲಿ ಪಾಪಿ ಅಂದ್ರೆ ತಾತ."

ತಾತ! ಹೊಟ್ಟೆಯೊಳಗೆ ಒಗ್ಗರಣೆ ಸಿಡಿಯಿತು. ನಾನು ಇಲ್ಲಿ ಗುಂಡುಕಲ್ಲಿನ ಹಾಗೆ ಕೂತಿರುವಾಗ ಆ ಕಬ್ಬಿಣದ ಮುದುಕ ಯಾವ ಸೀಮೆ ತಾತ? ಮುಂದಿನ ಶನಿವಾರ ಕರೆಯದಿದ್ದರೂ ಅವಳ ಜೊತೆ ಹೊರಟೆ.

"ದಿಸ್ ಈಸ್ ಮೈ ತಾತ" ಎಂದಳು ತನ್ವಿ. ಮಾರ್ಸೆಲ್ ನನ್ನ ಮೀಸೆ ನೋಡಿದ, ಅವಳ ಮುಖ ನೋಡಿದ, ಹೊಟ್ಟೆ ಹಿಡಿದುಕೊಂಡು ನಗಲು ಶುರು ಮಾಡಿದ. ಅವನ ಇಂಗ್ಲಿಷು ನನ್ನದಕ್ಕಿಂತ ಸ್ವಲ್ಪ ಮೇಲು, ಅಷ್ಟೇ. ಅವನು ಹೇಳಿದ್ದು ಇಷ್ಟು: "ನಮ್ಮಲ್ಲಿ ಮಕ್ಕಳು ಚಿಕ್ಕಮ್ಮನನ್ನ, ಅತ್ತೇನ ತಾತಾ ಅಂತಾರೆ. ಇಷ್ಟು ದೊಡ್ಡ ಮೀಸೆ ಇರೋ ಆಂಟೀನ ನಾನು ಇವತ್ತೇ ನೋಡ್ತಿರೋದು!"

ನಾನು ಬಿಡುತ್ತೇನೆಯೇ? "ತನ್ವಿ, ನಮ್ಮ ಕಡೆ ಪಾಪಿ ಅಂದ್ರೆ ಏನು ಅಂತ ಇವನಿಗೆ ಹೇಳು. ಯಮ ಎಣ್ಣೆ ಕಾಯಿಸ್ಕೊಂಡು ಯಾರಿಗೆ ಕಾಯ್ತಾ ಇರ್ತಾನೆ ಅಂತ ಹೇಳು. ಒಂದಕ್ಷರ ಬಿಡಬೇಡ."

ಅವಳು ಹೇಳಿದಳು. ಸಿಟ್ಟಾಗುತ್ತಾನೆ ಎಂದು ಕಾದೆ. ಅವನೋ ಟೋಪಿ ತೆಗೆದು ಎದೆಗೆ ಇಟ್ಟುಕೊಂಡು, "ಅದೂ ನಿಜವೇ. ನನ್ನ ಹೆಂಡತಿ ಇದ್ದಿದ್ರೆ ಹೌದು ಅಂತಿದ್ಲು" ಎಂದ. ಇಂಥವನ ಜೊತೆ ಜಗಳ ಆಡುವುದಾದರೂ ಹೇಗೆ? ಅಂದಿನಿಂದ ನಾನು ಅವನಿಗೆ ಆಂಟಿ, ಅವನು ನನಗೆ ಪಾಪಿ.

ಆದರೂ ಉರಿ ಆರಲಿಲ್ಲ. ಎಂಜಿನ್ನಿನ ಸುದ್ದಿ ಬಂದರೆ ಅವರಿಬ್ಬರೂ ಒಂದೇ ಬಾನೆಟ್ಟಿನೊಳಗೆ ತಲೆ ತೂರಿಸುತ್ತಿದ್ದರು. ನನಗೆ ಎರಡು ಬೆನ್ನು ಮಾತ್ರ ಕಾಣುತ್ತಿತ್ತು. ನಾನು ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವನು. ತಿಪಟೂರಿನಲ್ಲಿ ಕುಶನ್ ಅಂಗಡಿ ಇಟ್ಟು ಬಸ್ಸು ಲಾರಿಗಳ ಸೀಟು ಹೊಲಿದವನು. ಎಂಜಿನ್ನು ನನಗೆ ತಿಳಿಯದು. ನನ್ನ ಕಾಲ ಬಂದದ್ದು ಸೀಟಿನ ಹೊತ್ತಿಗೆ. ತನ್ವಿಯ ಕಾರಿನ ಪಕ್ಕದ ಸೀಟು ಹರಿದು ಚಿಂದಿಯಾಗಿತ್ತು. ಮಾರ್ಸೆಲ್ ಒಂದು ನೀಲಿ ಕಾರಿನ ಸೀಟು ತೋರಿಸಿ, ಇದನ್ನು ಹಾಕೋಣ ಎಂದ. ನಾನು ಹೆಬ್ಬೆರಳಿನಲ್ಲಿ ಒತ್ತಿದೆ.

"ಇದು ಆಗ್ಲೇ ಕೂತುಬಿಟ್ಟಿದೆ. ಇನ್ನೊಬ್ರನ್ನ ಏನು ಕೂರಿಸ್ಕೊಳುತ್ತೆ? ನಾನು ಹುಡುಕ್ತೀನಿ, ತಡಿ."

ಪಂದ್ಯಕ್ಕೆ ಬಿದ್ದವನ ಹಾಗೆ ಗುಜರಿಯೆಲ್ಲ ಸುತ್ತಿದೆ. ಒಂದೊಂದು ಕಾರಿನ ಬಾಗಿಲನ್ನೂ ದಡಾರನೆ ಎಳೆದು, ಕೂತು ಕೂತು ನೋಡಿದೆ. ಕೊನೆಗೆ ಒಂದು ಹಸಿರು ಕಾರಿನಲ್ಲಿ ಕೂತೆ ನೋಡಿ, ಆಹಾ, ಸ್ಪ್ರಿಂಗು ಮಗುವಿನ ಹಾಗೆ ಎತ್ತಿ ಆಡಿಸಿತು. ಜೊತೆಗೆ ಕೆಳಗೆ ಏನೋ ಪಟ್ ಎಂದಿತು. ಪ್ಯಾಂಟು ತಣ್ಣಗಾಯಿತು. ಹಿಂದಿನ ಸೀಟಿನಿಂದ ಒಂದು ಕೋಳಿ ಕೊಕ್ಕೊಕ್ಕೋ ಎಂದು ನನ್ನ ತಲೆಯ ಮೇಲೆ ಹಾರಿ ಹೋಯಿತು.

ಮಾರ್ಸೆಲ್ ಬಂದು ಮುರಿದ ಮೊಟ್ಟೆಯನ್ನೂ ನನ್ನನ್ನೂ ನೋಡಿ ನಿಧಾನವಾಗಿ ಹೇಳಿದ: "ಆಂಟಿ, ನಾನು ಬಾಗಿಲು ತಟ್ಟೋದು ಯಾಕೆ ಅಂತ ಈಗ ಗೊತ್ತಾಯ್ತಾ?"

ತನ್ವಿ ನಕ್ಕು ನೆಲಕ್ಕೆ ಕೂತಳು. ನನ್ನ ಪ್ಯಾಂಟು ಹಾಳಾದರೆ ಆಗಲಿ, ಅವಳು ಅಷ್ಟು ನಕ್ಕದ್ದು ನನ್ನಿಂದ ತಾನೇ?

ಆ ಹಸಿರು ಕಾರಿನ ಸೀಟನ್ನು ಮನೆಗೆ ತಂದು ಬಿಚ್ಚಿದರೆ ಒಳಗೆ ತೆಂಗಿನ ನಾರು! ನನಗೆ ಕಣ್ಣು ತುಂಬಿ ಬಂತು. ಮುಂದಿನ ಶನಿವಾರ ಒಂದು ಹಿಡಿ ನಾರು ಒಯ್ದು ಅವನ ಮೂಗಿನ ಮುಂದೆ ಹಿಡಿದೆ. "ನೋಡಯ್ಯಾ ಪಾಪಿ, ನಿನ್ನ ಮದಾಮ್ ಇಷ್ಟು ದಿನ ಕೂತಿದ್ದು ನಮ್ಮೂರ ನಾರಿನ ಮೇಲೆ!" ನಮ್ಮೂರದೋ ಯಾವ ಊರದೋ, ತೆಂಗು ತೆಂಗೇ. ದಬ್ಬಳ ಹಿಡಿದು ಹೊಸ ರೆಕ್ಸಿನ್ ಹೊಲಿದೆ. ತನ್ವಿ ದಾರ ಪೋಣಿಸಿ ಕೊಟ್ಟಳು. ಆ ಶನಿವಾರಗಳು ನನ್ನವಾದವು.

ಅಷ್ಟರಲ್ಲಿ ಗುಜರಿಯ ಜಾಗಕ್ಕೆ ಮನೆಗಳು ಬರುತ್ತವೆ ಎಂದಾಯಿತು. ಕಾರುಗಳು ಒಂದೊಂದೇ ಹೋದವು. ಮಾರ್ಸೆಲ್ ಫ್ರಾನ್ಸಿಗೆ, ಮಗನ ಮನೆಗೆ ಹೊರಟ. ಕೊನೆಯ ಸಲ ಹೋದಾಗ ಬೋಳಾದ ಅಂಗಳದಲ್ಲಿ ಮೊಟ್ಟೆ ಒಡೆದ ಆ ಹಸಿರು ಕಾರೊಂದೇ ನಿಂತಿತ್ತು.

"ಅಲ್ಲಿ ನನಗೆ ಇಬ್ಬರು ಮೊಮ್ಮಕ್ಕಳು ಅವ್ರೆ, ಆಂಟಿ" ಎಂದ. "ಹುಟ್ಟಿದಾಗಿಂದ ಫೋನಲ್ಲೇ ಪಾಪಿ ಅಂತಾರೆ. ಎದುರಿಗೆ ನಿಂತು ಹಾಗೆ ಕರೆದಿದ್ದು ನಿನ್ನ ಹುಡುಗಿ ಒಬ್ಬಳೇ. ನಿನಗೆ ಅದು ದಿನಾ ಸಿಗುತ್ತೆ. ನನಗೆ ನಿನ್ನ ಕಂಡ್ರೆ ಎಷ್ಟು ಹೊಟ್ಟೆಕಿಚ್ಚು ಗೊತ್ತಾ?"

ನನ್ನನ್ನು ಕಂಡು ಅವನಿಗೆ ಹೊಟ್ಟೆಕಿಚ್ಚು! "ಹೋಗಿ ಬಾ, ಪಾಪಿ" ಎಂದೆ. ಅವನು "ಓ ರವಾರ್" ಎಂದ. ಹೋಗು ಎನ್ನುವ ಮಾತು ಅವರಲ್ಲೂ ಆಡುವುದಿಲ್ಲವಂತೆ, ಮತ್ತೆ ನೋಡೋಣ ಅನ್ನುತ್ತಾರಂತೆ.

ಇವತ್ತು ಪರೀಕ್ಷೆಗೆ ಹೊರಟಾಗ ನಾನು ಬಾಗಿಲು ತಟ್ಟಿಯೇ ಒಳಗೆ ಕೂತೆ. ನನ್ನ ಕೈಯಾರೆ ಹೊಲಿದ ಸೀಟು; ಅಲ್ಲಿ ಕಾಯುತ್ತಾ ಕಾಯುತ್ತಾ ನಿದ್ದೆ ಹತ್ತಿತು. ತನ್ವಿ ಗಾಜಿನ ಮೇಲಿನ ಚೀಟಿಯ ಫೋಟೋ ತೆಗೆದು ಪಾಪಿಗೆ ಕಳಿಸಿ, ಆಮೇಲೆ ನನ್ನನ್ನು ಎಬ್ಬಿಸಿದಳು. ದಾರಿಯುದ್ದಕ್ಕೂ ಮುಖ ಊದಿಸಿಕೊಂಡು ಬಂದೆ.

ಸಂಜೆ ಎಲ್ಲರೂ ಒಟ್ಟಿಗೆ ಊಟಕ್ಕೆ ಕೂತೆವು. ಸುಮನಾ, ಅಳಿಯ, ನನ್ನ ಹೆಂಡತಿ ಸರೋಜ, ತನ್ವಿ, ನಾನು. ಒಬ್ಬಟ್ಟಿನ ಮೇಲೆ ತುಪ್ಪ ಹರಿಯುತ್ತಿತ್ತು. ಆಗ ಫೋನು ಕುಂಯ್ ಎಂದಿತು. ಅಲ್ಲಿ ಆಗ ಬೆಳಗಾಗಿತ್ತು. ತನ್ವಿ ಓದಿ, ಮೊದಲನೇ ಸಲ ತಾನೇ ಕನ್ನಡ ಮಾಡಿ ಹೇಳಿದಳು: "ತಾತ, ಪಾಪಿ ಕೇಳ್ತಾರೆ... ಗ್ಲಾಸ್ ಹಿಂದೆ ಬಾಯಿ ಓಪನ್ ಮಾಡಿ ಮಲಗಿದ್ದು ಆಂಟೀನಾ? ಹಾಗಾದ್ರೆ ಸೀಟೂ ಪಾಸ್ ಅಂತೆ."

ಎಲ್ಲರೂ ನಕ್ಕರು. ಸರೋಜ ಒಂದು ಒಬ್ಬಟ್ಟನ್ನು ಬೇರೆ ತಟ್ಟೆಗೆ ಹಾಕಿ, "ಪಾಪ, ಅವರೂ ಇರ್ಬೇಕಿತ್ತು ಕಣ್ರೀ" ಎಂದಳು.

"ಐ ವಿಲ್ ಈಟ್ ಇಟ್ ಫಾರ್ ಪಾಪಿ" ಎಂದು ತನ್ವಿ ಕೈ ಚಾಚಿದಳು.

"ಸುಮ್ನಿರು" ಎಂದು ತಟ್ಟೆಯನ್ನು ನನ್ನ ಕಡೆ ಎಳೆದುಕೊಂಡೆ. "ಅವನ ಪಾಲು ನನಗೆ ಸೇರಬೇಕು." ತಟ್ಟೆಯ ಅಂಚನ್ನು ಗೆಣ್ಣಿನಿಂದ ಎರಡು ಸಲ ತಟ್ಟಿ, ಆ ಪಾಪಿಯ ಪಾಲಿನ ಒಬ್ಬಟ್ಟನ್ನು ನಾನೇ ತಿಂದೆ.